ಮಣಿಕಟ್ಟಿನ ಹೆಸರು

ಹತ್ತೊಂಬತ್ತು ವರ್ಷಗಳಿಂದ ಫೋರ್ಟ್ ವೇನ್ ಊರಿನಲ್ಲಿ ಅಂಚೆ ಹಂಚುತ್ತಿದ್ದೇನೆ. ನನ್ನ ಪಾಲಿಗೆ ಐನೂರ ಎಂಬತ್ತು ಬಾಗಿಲು. ಹಿಮ ಬೀಳಲಿ, ನಾಯಿ ಅಟ್ಟಿಸಿಕೊಂಡು ಬರಲಿ, ಒಬ್ಬರ ಕಾಗದವನ್ನು ಇನ್ನೊಬ್ಬರ ಡಬ್ಬಿಗೆ ಹಾಕಿದವನಲ್ಲ. ಆ ಜಂಬ ನನಗಿತ್ತು, ಸುಳ್ಳೇಕೆ ಹೇಳಲಿ. ಅಂಥವನು ಒರ್ಲ್ಯಾಂಡೊಗೆ ಹೋದ ವಾರ ನನ್ನನ್ನೇ ತಪ್ಪು ವಿಳಾಸಕ್ಕೆ ಹಾಕಿಕೊಂಡೆ.

ಹೊರಟವರು ನಾಲ್ವರು. ನಾನು, ನನ್ನ ಹೆಂಡತಿ ಮಾರ್ಲಾ, ಅವಳ ಎಂಟು ವರ್ಷದ ಮಗಳು ಹ್ಯಾಟಿ, ಮತ್ತು ಮಾರ್ಲಾಳ ಮೊದಲ ಗಂಡ ಗ್ರೇಡಿ. ನಗಬೇಡಿ. ಹ್ಯಾಟಿಯ ವಸಂತ ರಜೆ ಈ ವರ್ಷ ಕೋರ್ಟಿನ ಕಾಗದದ ಪ್ರಕಾರ ಗ್ರೇಡಿಯ ಪಾಲಿಗೆ ಬಂದಿತ್ತು. ಅವನು ಬಂದರಷ್ಟೇ ಮಗು ಬರುತ್ತಿತ್ತು. ಮಾರ್ಲಾ ಕೇಳಿದಾಗ ನಾನು ಎರಡನೆಯ ಮಾತಿಲ್ಲದೆ ಹೂಂ ಅಂದೆ. ಅದಕ್ಕೆ ನನ್ನದೇ ಒಂದು ಕಾರಣವಿತ್ತು.

ನಮ್ಮ ಮದುವೆಯಾಗಿ ಎರಡು ವರ್ಷವಾದರೂ ಹ್ಯಾಟಿ ನನ್ನನ್ನು ಏನೆಂದೂ ಕರೆದಿರಲಿಲ್ಲ. ಅಪ್ಪ ಎನ್ನಲಿ ಎಂದು ನಾನು ಕೇಳಿದವನಲ್ಲ, ಅಪ್ಪ ಇದ್ದಾನಲ್ಲ. ವೆಂಡೆಲ್ ಎಂಬ ನನ್ನ ಹೆಸರನ್ನಾದರೂ ಹೇಳಬಹುದಿತ್ತು. ಹಾಲು ಬೇಕಾದರೆ ನನ್ನ ಅಂಗಿಯ ತೋಳು ಎಳೆಯುತ್ತಿದ್ದಳು, ದೂರದಲ್ಲಿದ್ದರೆ "ಹೇ" ಅನ್ನುತ್ತಿದ್ದಳು. ಅಮ್ಮನ ಹತ್ತಿರ ಮಾತಾಡುವಾಗ ನಾನು "ಅವರು". ಒಂದೇ ಮನೆಯಲ್ಲಿದ್ದು "ಅವರು" ಆಗಿರುವುದು ಎಷ್ಟು ನೋಯುತ್ತದೆ ಎಂಬುದು ಆಗಿ ನೋಡಿದವರಿಗೇ ಗೊತ್ತು. ಏಳು ದಿನ ಒಟ್ಟಿಗೆ ಅಲೆದರೆ ಏನಾದರೂ ಒಂದು ಕರೆದಾಳು ಎಂಬ ಆಸೆಯಲ್ಲಿ ಹೊರಟೆ.

ಮಾರ್ಲಾ ಬಣ್ಣದ ಪೆನ್ನುಗಳಲ್ಲಿ ಗೀಚಿ ಫ್ರಿಜ್ಜಿನ ಮೇಲೆ ಅಂಟಿಸಿದ ಯೋಜನೆಯಲ್ಲಿ ಮೂರು ರೆಸಾರ್ಟು, ನಾಲ್ಕು ಪಾರ್ಕು ಇದ್ದವು. ಎಲ್ಲದಕ್ಕೂ ಸೇರಿ ಒಬ್ಬೊಬ್ಬರಿಗೆ ಒಂದೊಂದು ರಬ್ಬರಿನ ಕೈಬ್ಯಾಂಡ್. ಟಿಕೆಟ್ಟೂ ಅದೇ, ರೂಮಿನ ಕೀಲಿಯೂ ಅದೇ. ಅವು ಅಂಚೆಯಲ್ಲಿ ಬಂದವು. ಹೊರಡುವ ದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಸುರಿದುಕೊಂಡು ನಾನೇ ಹಂಚಿದೆ, ಇನ್ಯಾರು ಹಂಚಬೇಕು? ಗಂಡಸರ ಎರಡೂ ಬೂದು ಬಣ್ಣದವು. ಒಳಮೈಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಹೆಸರು. ನನ್ನ ಓದುವ ಕನ್ನಡಕ ಫ್ರಿಜ್ಜಿನ ಮೇಲಿತ್ತು, ತೆಗೆದುಕೊಳ್ಳಲು ಸೋಮಾರಿತನ. ವಾರವಿಡೀ ಅದು ಫ್ರಿಜ್ಜಿನ ಮೇಲೆಯೇ ಉಳಿಯಿತು.

ವಿಮಾನ ಇಳಿದು ಬಾಡಿಗೆ ಕಾರಿನಲ್ಲಿ ನೇರ ಹೋಗಿದ್ದು ಮೂನ್‌ಪೋರ್ಟ್ ಪಾರ್ಕಿಗೆ. ಬಾಗಿಲಲ್ಲಿ ಬ್ಯಾಂಡ್ ತೋರಿಸಿ ಬೆರಳೊತ್ತಬೇಕು. ಮೊದಲ ಸಲ ಒತ್ತಿದ ಬೆರಳು ಆ ಬ್ಯಾಂಡಿಗೆ ಗಂಟು ಬೀಳುತ್ತದೆ, ಆಮೇಲೆ ಬೇರೆಯವರು ಅದನ್ನು ಹಾಕಿಕೊಂಡು ಒಳಗೆ ನುಗ್ಗುವಂತಿಲ್ಲ. ನಾನು ಒತ್ತಿದೆ, ಹಸಿರು ದೀಪ ಬಂತು, ಜನ ಹಿಂದಿನಿಂದ ತಳ್ಳಿದರು, ಒಳಗೆ ಹೋದೆ.

ಸಂಜೆ ಮೊದಲ ರೆಸಾರ್ಟಿನಲ್ಲಿ ನನ್ನ ರೂಮಿನ ಬಾಗಿಲಿಗೆ ಬ್ಯಾಂಡ್ ಹಿಡಿದರೆ ಕೆಂಪು ದೀಪ. ಮೂರು ಸಲ ಹಿಡಿದರೂ ಕೆಂಪೇ. ಒಳಗೆ ಮಾರ್ಲಾ ಸ್ನಾನಕ್ಕೆ ಹೋಗಿದ್ದಳು, ಕೇಳಿಸಲಿಲ್ಲ. ಪಕ್ಕದ ರೂಮಿನ ಮುಂದೆ ಗ್ರೇಡಿಯೂ ಅದೇ ಪಾಡಿನಲ್ಲಿ ನಿಂತಿದ್ದ.

"ನಿಂದೂ ಕೆಂಪಾ? ಸರಿ, ನಾನು ನೋಡ್ತೀನಿ ತಡಿ," ಎಂದು ಬಂದು ನನ್ನ ಬಾಗಿಲಿಗೆ ತನ್ನ ಕೈ ಹಿಡಿದ. ಬಾಗಿಲು ತೆರೆದುಕೊಂಡಿತು. ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ ಬಂದ ನನ್ನ ಹೆಂಡತಿ ತನ್ನ ಮೊದಲ ಗಂಡನನ್ನು ನೋಡಿ ಕಿರುಚಿದ್ದು ಇಡೀ ಮಹಡಿಗೆ ಕೇಳಿಸಿತು.

ಗ್ರೇಡಿ ದೀಪದ ಕೆಳಗೆ ನಿಂತು ಬ್ಯಾಂಡುಗಳ ಒಳಮೈ ಓದಿ ಬಿದ್ದು ಬಿದ್ದು ನಕ್ಕ. "ಏನ್ ಪೋಸ್ಟ್‌ಮ್ಯಾನೋ ಮಾರಾಯ ನೀನು! ನನ್ ಹೆಸ್ರು ನಿನ್ ಕೈಲಿದೆ, ನಿಂದು ನನ್ ಕೈಲಿ."

"ಈಗ್ಲೇ ಬದ್ಲಾಯಿಸ್ಕೊಳೋಣ."

"ಬೆರಳು ಒತ್ತಿ ಆಯ್ತಲ್ಲ. ಬದಲಾಯಿಸ್ಕೊಂಡ್ರೆ ನಾಳೆ ಇಬ್ರೂ ಗೇಟ್ ಹೊರಗೆ. ಸಹಾಯದ ಕೌಂಟರ್ ಮುಂದೆ ಕ್ಯೂ ನೋಡಿದ್ಯಾ? ಮುಗಿಯೋಷ್ಟ್ರಲ್ಲಿ ಹ್ಯಾಟಿಗೆ ಮದ್ವೆ ವಯಸ್ಸು ಬಂದಿರತ್ತೆ. ಬಿಡು, ಒಂದ್ ವಾರ ನೀನು ನಾನಾಗಿರು. ಕಷ್ಟ ಏನಿಲ್ಲ, ನಾನು ನಲವತ್ತು ವರ್ಷದಿಂದ ಆಗಿದೀನಿ."

ಹೀಗೆ ಪ್ರತಿ ಸಂಜೆ ನಾವಿಬ್ಬರು ಕಾರಿಡಾರಿನಲ್ಲಿ ನಿಂತು ಒಬ್ಬರ ಬಾಗಿಲನ್ನು ಇನ್ನೊಬ್ಬರು ತೆರೆದುಕೊಡುವ ಪದ್ಧತಿ ಶುರುವಾಯಿತು. ಪ್ರತಿ ಬೆಳಿಗ್ಗೆ ಪಾರ್ಕಿನ ಯಂತ್ರ ನನ್ನ ಬೆರಳು ನೋಡಿ "ಸ್ವಾಗತ, ಗ್ರೇಡಿ!" ಎಂದು ಬರೆದು ತೋರಿಸುತ್ತಿತ್ತು. ಊಟ ತರುವ ಹುಡುಗಿಯರೂ ಬ್ಯಾಂಡಿಗೆ ಯಂತ್ರ ಹಿಡಿದು "ಇನ್ನೇನ್ ಕೊಡ್ಲಿ ಗ್ರೇಡಿ ಸಾರ್?" ಎನ್ನುತ್ತಿದ್ದರು.

"ಅಮ್ಮಾ, ಅವ್ರಿಗೆ ಅಪ್ಪನ ಹೆಸ್ರು!" ಎಂದು ಹ್ಯಾಟಿ ಕೇಕೆ ಹಾಕಿ ನಕ್ಕಳು. ನಾನೂ ನಕ್ಕೆ. ಆದರೆ ನನ್ನ ಹೆಸರು ಒಮ್ಮೆಯೂ ಹೇಳದ ಮಗುವಿನ ಮುಂದೆ ಈಗ ಯಂತ್ರಗಳೂ ಹೇಳದಂತಾಯಿತು.

ಇದರ ಮೇಲೆ ಜಾಗಗಳ ಗೊಂದಲ ಬೇರೆ. ಮೊದಲ ರೆಸಾರ್ಟು ಆಫ್ರಿಕಾ, ಕಿಟಕಿಯಾಚೆ ನಿಜವಾದ ಜಿರಾಫೆ. ಎರಡು ದಿನಕ್ಕೆ ಅದು ಅಭ್ಯಾಸವಾಗುವಷ್ಟರಲ್ಲಿ ಎರಡನೆಯ ರೆಸಾರ್ಟು. ಅದು ಆಲ್ಪ್ಸ್ ಬೆಟ್ಟವಂತೆ. ಬೆವರು ಕಿತ್ತು ಬರುವ ಫ್ಲಾರಿಡಾ ಬಿಸಿಲಿನಲ್ಲಿ ಸೂರಿನ ಮೇಲೆ ಪ್ಲಾಸ್ಟಿಕ್ ಹಿಮ. ಬೆಳಿಗ್ಗೆ ಎದ್ದು ಪರದೆ ಸರಿಸಿ ನಾನು ಜಿರಾಫೆ ಹುಡುಕಿದೆ. ಬಚ್ಚಲು ಎಡಕ್ಕಿದ್ದದ್ದು ಬಲಕ್ಕೆ ಬಂದಿತ್ತು, ಕತ್ತಲಲ್ಲಿ ಬಟ್ಟೆಯ ಕಪಾಟಿನೊಳಗೆ ನಿಂತಿದ್ದೆ. ಕಾರು ನಿಲ್ಲಿಸುವ ಸಾಲುಗಳಿಗೆ ಒಂದು ಪಾರ್ಕಿನಲ್ಲಿ ಮೊಸಳೆ, ಆಮೆ ಎಂದು ಹೆಸರು, ಇನ್ನೊಂದರಲ್ಲಿ ಗ್ರಹಗಳದು. ನಾನು ಮೊಸಳೆ ಹದಿನಾಲ್ಕನ್ನು ಶನಿಗ್ರಹದ ಹತ್ತಿರ ಒಂದು ಗಂಟೆ ಹುಡುಕಿದ್ದೇನೆ. ಮೂರನೆಯ ದಿನದ ಪೆಲಿಕನ್ ಪ್ಲಂಜ್ ನೀರಿನ ಪಾರ್ಕಿನಲ್ಲಿ ಗ್ರೇಡಿ ಜೇಬಿನಲ್ಲಿ ಫೋನಿಟ್ಟುಕೊಂಡೇ ಜಾರುಬಂಡೆ ಇಳಿದ. ಫೋನು ಅಲ್ಲೇ ಸತ್ತಿತು. ಇವತ್ತು ಯಾವ ವಾರ ಎಂದು ಯಾರಾದರೂ ಕೇಳಿದರೆ ನಾನು ಪಾರ್ಕಿನ ಹೆಸರು ಹೇಳುವ ಸ್ಥಿತಿಗೆ ಬಂದಿದ್ದೆ, ಅದೂ ತಪ್ಪು ಪಾರ್ಕಿನದು.

ಐದನೆಯ ದಿನ ಟಿಂಬರ್ ಗಲ್ಚ್. ಹಳೇ ಕಾಲದ ದನಗಾಹಿಗಳ ಊರಿನಂತೆ ಕಟ್ಟಿದ ಪಾರ್ಕು, ಮರದ ಮನೆಗಳು, ಧೂಳು ಬಣ್ಣದ ಸಿಮೆಂಟು. ಮಾರ್ಲಾ ಗಣಿ ರೈಲಿನ ಕ್ಯೂನಲ್ಲಿ ನಿಂತಿದ್ದಳು, ಎಂಬತ್ತು ನಿಮಿಷ ಕಾಯಬೇಕಿತ್ತು. ನಾನು ಟರ್ಕಿ ಕೋಳಿಯ ಕಾಲು ಕೊಳ್ಳಲು ಹೋದೆ, ಗ್ರೇಡಿ ನೆರಳಿನಲ್ಲಿ ಬೆಂಚು ಹಿಡಿಯಲು ಹೋದ. ಎರಡೂ ಕೈಯಲ್ಲಿ ಕೋಳಿಕಾಲು ಹಿಡಿದು ಬೆಂಚಿನ ಹತ್ತಿರ ಬಂದಾಗ ಅವನು ಒಬ್ಬನೇ ಕುಳಿತಿದ್ದ.

"ಹ್ಯಾಟಿ ಎಲ್ಲಿ?" ಇಬ್ಬರೂ ಒಟ್ಟಿಗೇ ಕೇಳಿದೆವು.

"ನಿನ್ ಹಿಂದೆ ಬಂದ್ಲಲ್ಲೋ!"

"ನಿನ್ ಹಿಂದೆ ಬಂದ್ಲು ಅಂದ್ಕೊಂಡೆ ನಾನು."

ಗ್ರೇಡಿಯ ಮುಖದಲ್ಲಿನ ನಗು ಇಳಿದು ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಅವನು ದೋಣಿ ಸವಾರಿಯ ಕಡೆ ಓಡಿದ. ನಾನು ಅಂಗಡಿ ಬೀದಿಗೆ ಓಡಿದೆ. ಕೋಳಿಕಾಲು ಎಲ್ಲಿ ಬಿಸಾಡಿದೆನೋ ಗೊತ್ತಿಲ್ಲ.

ಬೀದಿ ತುಂಬ ಎಂಟು ವರ್ಷದ ಹುಡುಗಿಯರು. ಎಲ್ಲರ ತಲೆಯಲ್ಲೂ ಹ್ಯಾಟಿಯದರಂಥದೇ ಕೆಂಪು ಟೋಪಿ. ಹಿಂದಿನಿಂದ ನೋಡಿ ಇಬ್ಬರು ಮಕ್ಕಳ ಭುಜ ಮುಟ್ಟಿದೆ, ಒಬ್ಬಳ ತಾಯಿ ನನ್ನನ್ನು ತಿಂದುಹಾಕುವಂತೆ ನೋಡಿದಳು. ಆಗ ಎಲ್ಲೋ ಒಂದು ಮಗು "ಅಪ್ಪಾ!" ಎಂದು ಕೂಗಿತು. ಬೀದಿಯಲ್ಲಿದ್ದ ಮೂವತ್ತು ನಲವತ್ತು ಗಂಡಸರು ಒಟ್ಟಿಗೇ ತಿರುಗಿದರು. ನಾನೂ ತಿರುಗಿದೆ. ಅದು ಯಾರದೋ ಗಂಡು ಮಗು. ನಾನು ಯಾಕೆ ತಿರುಗಿದೆ, ನನ್ನನ್ನು ಯಾರು ಹಾಗೆ ಕರೆದಾರು ಎಂದು ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಹ್ಯಾಟಿ ಎಲ್ಲೋ ನಿಂತು ಅಳುತ್ತಿದ್ದರೂ ನನ್ನನ್ನು ಏನೆಂದು ಕೂಗುತ್ತಾಳೆ? ಈ ಗದ್ದಲದಲ್ಲಿ "ಹೇ" ಅಂದರೆ ಯಾರಿಗೆ ಕೇಳುತ್ತದೆ?

ಕಸ ಗುಡಿಸುವವನೊಬ್ಬ ನನ್ನ ಮುಖ ನೋಡಿದವನೇ, ಕೇಳುವ ಮೊದಲೇ ಬೀದಿಯ ತುದಿ ತೋರಿಸಿದ. "ತಪ್ಪಿಸ್ಕೊಂಡ ಮಕ್ಳು ಅಲ್ಲಿರ್ತಾರೆ ಸಾರ್, ಹಸಿರು ಬಾಗಿಲು."

ಹಸಿರು ಬಾಗಿಲಿನ ಮರದ ಮನೆಯಲ್ಲಿ ಬಿಳಿಕೂದಲ ಹೆಂಗಸೊಬ್ಬಳು ಮೇಜಿನ ಹಿಂದೆ ಕುಳಿತಿದ್ದಳು. ಎದೆಯ ಮೇಲಿನ ಫಲಕದಲ್ಲಿ ಎರ್ಲೀನ್, ಊರು ಟ್ಯಾಂಪಾ ಎಂದು ದೊಡ್ಡದಾಗಿ ಬರೆದಿತ್ತು. ಅವಳ ಬೆನ್ನ ಹಿಂದಿನ ಗಾಜಿನಾಚೆ ಹ್ಯಾಟಿ ನೆಲದ ಮೇಲೆ ಕುಳಿತು ಕುದುರೆಗೆ ಬಣ್ಣ ತುಂಬುತ್ತಿದ್ದಳು. ಕುರ್ಚಿ ಹಿಡಿದು ನಿಂತೆ.

ಎರ್ಲೀನ್ ನನ್ನ ಬ್ಯಾಂಡಿಗೆ ಯಂತ್ರ ಹಿಡಿದಳು. "ಗ್ರೇಡಿ. ಮಗುವಿನ ತಂದೆ. ಸದ್ಯ ಬಂದ್ರಲ್ಲಪ್ಪ! ಮಗು ಬ್ಯಾಂಡಲ್ಲಿರೋದು ನಿಮ್ ನಂಬರೊಂದೇ, ಎಷ್ಟ್ ಸಲ ಮಾಡೋದು? ಇಲ್ಲಿ ಸೈನ್ ಹಾಕಿ, ಮಗು ಕರ್ಕೊಂಡು ಹೊರಡಿ."

ನಾನು ಪೆನ್ನು ತೆಗೆದುಕೊಂಡೆ. ಅವಳು ತನ್ನಷ್ಟಕ್ಕೆ ಎಂಬಂತೆ ಹೇಳಿದಳು, "ಅವಳು ಮಾತ್ರ ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ ನೋಡಿ. ಅಪ್ಪ ಫೋನ್ ಎತ್ತುತ್ತಿಲ್ಲ ಕಣಮ್ಮ ಅಂದ್ರೆ, ಪರ್ವಾಗಿಲ್ಲ, ವೆಂಡೆಲ್ ಬರ್ತಾನೆ ಅಂತಾಳೆ. ಯಾರಪ್ಪ ಅದು ವೆಂಡೆಲ್? ನಿಮ್ ನಾಯಿಯಾ?"

ಪೆನ್ನು ಕಾಗದದ ಮೇಲೆಯೇ ನಿಂತಿತು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಏನಂದ್ಲು?"

"ವೆಂಡೆಲ್ ಬರ್ತಾನೆ, ಅಂತ. ಹತ್ತು ಸಲ ಹೇಳಿರ್ಬೇಕು."

ಗ್ರೇಡಿ ಎಂದು ಗೀಚಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಐದು ದಿನ ಎಲ್ಲ ಬಾಗಿಲಲ್ಲೂ ಅದೇ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡು ನುಗ್ಗಿದವನು ನಾನು. ಆದರೆ ಆ ಮಗು ಕಾಯುತ್ತಿದ್ದದ್ದು ನನಗಾಗಿ. ಪೆನ್ನು ಕೆಳಗಿಟ್ಟೆ.

"ಅಮ್ಮಾ, ವೆಂಡೆಲ್ ನಾನೇ."

"ಬ್ಯಾಂಡಲ್ಲಿ ಗ್ರೇಡಿ ಅಂತಿದೆ."

"ಬ್ಯಾಂಡು ತಪ್ಪು. ನಾನೇ ತಪ್ಪು ಹಂಚಿದ್ದು."

ಅವಳ ಹುಬ್ಬು ಮೇಲೇರಿತು. ಬೆರಳೊತ್ತುವ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. ಒತ್ತಿದೆ. ಹಸಿರು ದೀಪ. "ಬೆರಳೂ ಗ್ರೇಡಿ ಅನ್ನತ್ತಲ್ಲಪ್ಪ!"

"ಬೆರಳು ನಂದು, ಹೆಸ್ರು ಅವನ್ದು, ಮಗುನೂ ಅವನ್ದು, ಹೆಂಡ್ತಿ ಮಾತ್ರ ನನ್ನೋಳು!" ಎಂದು ಕಿರುಚಿಯೇಬಿಟ್ಟೆ. ಹೇಳಿದ ಮೇಲೆ ಅದು ಎಷ್ಟು ಕೆಟ್ಟದಾಗಿ ಕೇಳಿಸಿತು ಎಂದು ಹೊಳೆಯಿತು. ಎರ್ಲೀನ್ ನಿಧಾನವಾಗಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಯಾವ ಹುಚ್ಚನ ಕೈಗೂ ಮಗು ಕೊಡುವ ಹೆಂಗಸಲ್ಲ ಅವಳು. ಮಾಡಿಕೊಂಡೆಯಲ್ಲೋ ಮುಟ್ಠಾಳ ಎಂದು ನನ್ನನ್ನೇ ಬೈದುಕೊಂಡೆ.

ಅವಳು ಗಾಜಿನ ಬಾಗಿಲು ತೆರೆದು ಹ್ಯಾಟಿಯನ್ನು ಕೈಹಿಡಿದು ಕರೆತಂದಳು. ನನಗೂ ಮಗುವಿಗೂ ನಡುವೆ ಮೇಜು ಇರುವಂತೆ ನೋಡಿಕೊಂಡಳು.

"ಪುಟ್ಟಿ, ಹೆದರ್ಬೇಡ. ಇವ್ರು ಯಾರು?"

ಹ್ಯಾಟಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಂಗಿಯ ಮೇಲೆ ಕೋಳಿಯ ಎಣ್ಣೆ ಬಿದ್ದಿತ್ತು, ನನ್ನ ಟೋಪಿ ಎಲ್ಲೋ ಹೋಗಿತ್ತು.

"ವೆಂಡೆಲ್."

"ನಿಮ್ಮಪ್ಪನಾ?"

"ಅಲ್ಲ. ಅಪ್ಪ ಅಪ್ಪ. ಇವ್ನು ವೆಂಡೆಲ್." ಇಷ್ಟೂ ಗೊತ್ತಿಲ್ಲವೇ ಎಂಬ ಧಾಟಿ. "ಪೋಸ್ಟ್‌ಮ್ಯಾನ್. ಎಷ್ಟು ದೂರ ಇದ್ರೂ ಮನೆ ಹುಡುಕ್ತಾನೆ. ಕಾರ್ ಮಾತ್ರ ಸಿಗಲ್ಲ ಅವ್ನಿಗೆ."

ಎರ್ಲೀನ್ ತುಟಿ ಕಚ್ಚಿ ನಗು ತಡೆದಳು. ಬ್ಯಾಂಡಿನ ಕಥೆಯನ್ನು ಹ್ಯಾಟಿಯೇ ಬಿಡಿಸಿ ಹೇಳಿದಳು, ಟವೆಲಿನ ಪ್ರಸಂಗವನ್ನೂ ಬಿಡದೆ. ನಾನು ಚಾಲನಾ ಪರವಾನಗಿ ತೆಗೆದು ಮೇಜಿನ ಮೇಲಿಟ್ಟೆ. ಮೊದಲೇ ಅದನ್ನು ತೋರಿಸಬಹುದಿತ್ತು, ತಲೆ ಕೆಟ್ಟು ಹೋದಾಗ ಜೇಬು ಯಾರಿಗೆ ನೆನಪಾಗುತ್ತದೆ? ಎರ್ಲೀನ್ ನಮ್ಮ ಬುಕಿಂಗಿನಲ್ಲಿ ಆ ಹೆಸರು ಹುಡುಕಿ, ನಾನು ಕೊಟ್ಟ ನಂಬರಿನಲ್ಲಿ ಮಾರ್ಲಾಳಿಗೂ ಫೋನ್ ಮಾಡಿ ಕೇಳಿ, ಹೊಸ ಕಾಗದವೊಂದನ್ನು ತೆಗೆದಳು.

"ಹೆಸ್ರು ವೆಂಡೆಲ್. ಸರಿ. ಮಗುಗೆ ಏನಾಗ್ಬೇಕು ಅಂತ ಒಂದು ಜಾಗ ಇದೆ ಇಲ್ಲಿ, ಖಾಲಿ ಬಿಡೋ ಹಾಗಿಲ್ಲ. ಏನಂತ ಬರೀಲಿ?"

ಅಮ್ಮನ ಗಂಡ ಎಂದು ಬರೆಯಿರಿ ಎನ್ನಲು ನಾನು ಬಾಯಿ ತೆರೆದೆ. ಹೇಳದೆ ಹ್ಯಾಟಿಯ ಕಡೆ ನೋಡಿದೆ. ಅವಳು ಬಣ್ಣದ ಕಡ್ಡಿಯ ತುದಿ ಕಚ್ಚುತ್ತಾ ಯೋಚಿಸಿದಳು.

"ನಮ್ಮೋನು ಅಂತ ಬರೀರಿ," ಎಂದಳು.

ಎರ್ಲೀನ್ ನನ್ನ ಮುಖ ನೋಡಿದಳು, ಮತ್ತೆ ಮಗುವಿನ ಮುಖ ನೋಡಿದಳು, ಹಾಗೆಯೇ ಬರೆದಳು. ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಸಹಿಯ ಗೆರೆ ಎಲ್ಲಿದೆ ಎಂದು ನನಗೆ ಕಾಣಲಿಲ್ಲ. ಕನ್ನಡಕವಿರಲಿಲ್ಲ, ಇದ್ದರೂ ಆಗ ಪ್ರಯೋಜನವಾಗುತ್ತಿರಲಿಲ್ಲ, ಕಣ್ಣು ತುಂಬಿಬಂದಿತ್ತು. ಹ್ಯಾಟಿ ಮೇಜು ಸುತ್ತಿ ಬಂದು ನನ್ನ ಪಕ್ಕ ನಿಂತು, ಬಣ್ಣ ಮೆತ್ತಿದ ಬೆರಳನ್ನು ಗೆರೆಯ ಮೇಲೆ ಇಟ್ಟಳು.

"ಇಲ್ಲಿ ಹಾಕು, ವೆಂಡೆಲ್."