ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಮೇಷ್ಟ್ರ ಮೊಣಕೈ ಹೆಂಡತಿಯ ಕೆನ್ನೆಗೆ ತಗುಲಿ, ಅವಳ ಕನ್ನಡಕ ಹಾರಿ ಬಿದ್ದು, ನೆಲದ ಮೇಲೆ ಜಾರುತ್ತಾ ಹೋಗಿ ಪಕ್ಕದ ಜೋಡಿಯಲ್ಲಿ ಕುಣಿಯುತ್ತಿದ್ದ ಔಷಧಿ ಅಂಗಡಿಯಾಕೆಯ ಕಾಲ ಬಳಿ ನಿಂತಿತು. ಗಂಡಹೆಂಡಿರ ಕೈಗಳು ಮಾತ್ರ ಇನ್ನೂ ಒಂದಕ್ಕೊಂದು ತೊಡರಿಕೊಂಡೇ ಇದ್ದವು. ಅವಳು ಬಲಕ್ಕೆ ತಿರುಗಲು ಹೊರಟಿದ್ದಳು. ಇವರು ಕೈ ಎತ್ತಿ ದಾರಿ ಬಿಡುವ ಬದಲು ತಮ್ಮ ಕಡೆಗೆ ಎಳೆದಿದ್ದರು.

“ನಿನಗೆ ಎಷ್ಟು ಸಲ ಬಡ್ಕೊಳ್ಳೋದು? ನಡೆಸೋನು ನಾನು, ಬರೋಳು ನೀನು! ತಲೆ ಎಲ್ಲಿಟ್ಕೊಂಡಿದೀಯಾ?”

ಹಾಡಿನ ಗಲಾಟೆಯಲ್ಲಿ ಕೇಳಿಸಲಿ ಅಂತ ಮೇಷ್ಟ್ರು ಗಂಟಲು ಏರಿಸಿದ್ದರು. ದರಿದ್ರದ ಹಾಡು ಅದೇ ಗಳಿಗೆಗೆ ಮುಗಿಯಬೇಕೆ! ಮಾತು ಹಾಲ್‌ನ ನಾಲ್ಕು ಗೋಡೆಗೂ ಬಡಿದು ವಾಪಸ್ ಬಂತು. ಕುಣಿಯುತ್ತಿದ್ದ ಜೋಡಿಗಳೆಲ್ಲ ನಿಂತರು. ಗೋಡೆಬದಿಯ ಕಬ್ಬಿಣದ ಕುರ್ಚಿಗಳಲ್ಲಿ ಕೂತಿದ್ದ ಮನೆಮಂದಿ ಇತ್ತ ತಿರುಗಿದರು. ಅವರಲ್ಲಿ ಹೆಂಡತಿಯ ತಮ್ಮನೂ ಇದ್ದ, ಅವನ ಹೆಂಡತಿಯೂ ಇದ್ದಳು. ಡ್ಯಾನ್ಸ್ ಕ್ಲಾಸಿಗೆ ವರ್ಷ ತುಂಬಿದ ಸಂಜೆ, ಬರಲೇಬೇಕು, ನಮ್ಮಿಬ್ಬರದು ನೋಡಲೇಬೇಕು ಅಂತ ಅವರ ಪ್ರಾಣ ತಿಂದು ಕರೆಸಿದ್ದವರು ಸ್ವತಃ ಮೇಷ್ಟ್ರೇ.

“ನಂದೇ ತಪ್ಪು, ಬಿಡಿ,” ಅಂದಳು ಹೆಂಡತಿ. ಔಷಧಿ ಅಂಗಡಿಯಾಕೆ ಎತ್ತಿಕೊಟ್ಟ ಕನ್ನಡಕವನ್ನು ಕರ್ಚೀಫಿನಲ್ಲಿ ಒರೆಸಿ ಹಾಕಿಕೊಂಡಳು. ಅದರ ಒಂದು ಕಡ್ಡಿ ಬಾಗಿತ್ತು. ಮುಖದ ಮೇಲೆ ಅದು ಓರೆಯಾಗಿ ಕೂತಿತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡುವ ಪೈಕಿಯೇ ಈ ಮನುಷ್ಯ? ಕುರ್ಚಿಗಳ ಕಡೆ ತಿರುಗಿ, “ಮನೇಲಿ ಸರಿಯಾಗೇ ಮಾಡ್ತಾಳೆ. ನಾಲ್ಕು ಜನ ನೋಡಿದ್ರೆ ಗಾಬರಿ, ಪಾಪ,” ಅಂತ ಬೇರೆ ಸೇರಿಸಿದರು. ಭಾವಮೈದುನ ನಗಬೇಕೋ ಬೇಡವೋ ತಿಳಿಯದೆ ಮೊಬೈಲ್ ನೋಡಿಕೊಂಡ.

ಮೇಷ್ಟ್ರು ಅಂದರೆ ಪಾಠಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವವರು. ಅವರ ಹಳೆಯ ಬಿಳಿ ಕಾರಿನಲ್ಲಿ ಓಡಿಸುವವರ ಕಾಲ ಕೆಳಗೆ ಇರುವ ಹಾಗೆಯೇ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ಬೆವರು ಸುರಿಸುತ್ತಾ ತಿರುವು ದಾಟುವಾಗ ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, ಮೆಲ್ಲಗೆ ಆ ಬ್ರೇಕು ಒತ್ತುತ್ತಿದ್ದರು. ಬಾಯಲ್ಲಿ ಮಾತ್ರ ಒಂದೇ ರಾಗ: “ನೀವೇ ಓಡಿಸ್ತಿದ್ದೀರಿ. ಚೆನ್ನಾಗಿ ಓಡಿಸ್ತಿದ್ದೀರಿ.” ಹಾಗಂದರೆ ಕಲಿಯುವವರಿಗೆ ಧೈರ್ಯ ಬರುತ್ತದೆ ಎಂಬುದು ಅವರ ಅನುಭವ. ಮನೆಗೆ ಬಂದು ಊಟಕ್ಕೆ ಕೂತಾಗ ಅದನ್ನೇ ಅಣಕಿಸಿ ತೋರಿಸುತ್ತಿದ್ದರು. “ಆ ನರ್ಸಮ್ಮ ಇವತ್ತು ಇಳಿಯುವಾಗ ಏನು ಗತ್ತು ಅಂತೀಯಾ! ಕಾರು ತಾನೇ ಓಡಿಸಿದೆ ಅಂದ್ಕೊಂಡಿದಾಳೆ. ಅಯ್ಯೋ ಪಾಪ, ನನ್ನ ಕಾಲು ಎಲ್ಲಿತ್ತು ಅಂತ ಅವಳಿಗೇನು ಗೊತ್ತು.”

ಹೆಂಡತಿ ನಗುತ್ತಿದ್ದಳು. ಇತ್ತೀಚೆಗಂತೂ ಆ ನಗು ಬೇಗ ನಿಲ್ಲುತ್ತಲೇ ಇರಲಿಲ್ಲ; ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದಳು. ತಮ್ಮ ಅಣಕವೇ ಅಷ್ಟು ಸೊಗಸಾಗಿರಬೇಕು ಅಂತ ಮೇಷ್ಟ್ರು ಹಿಗ್ಗುತ್ತಿದ್ದರು.

ಡ್ಯಾನ್ಸ್ ಕ್ಲಾಸಿನ ಹುಚ್ಚು ಹತ್ತಿದ್ದು ಮೊದಲು ಅವಳಿಗೆ. ಪರದೆ ಹೊಲಿಯುವುದು ಅವಳ ಕಸುಬು. ಟೈರ್ ಅಂಗಡಿಯ ಮೇಲಿನ ಈ ಹಾಲ್‌ಗೆ ಪರದೆ ತೂಗುಹಾಕಲು ಬಂದವಳು, ಸ್ಟೂಲಿನ ಮೇಲೆ ನಿಂತಲ್ಲೇ ಜೋಡಿಗಳು ತಿರುಗುವುದನ್ನು ನೋಡುತ್ತಾ ಕೊಕ್ಕೆ ಸಿಕ್ಕಿಸುವುದನ್ನೇ ಮರೆತಿದ್ದಳಂತೆ. “ಈ ವಯಸ್ಸಲ್ಲಿ ಕುಣಿಯೋದಾ? ಜನ ಏನಂದಾರು?” ಅಂತ ಮೇಷ್ಟ್ರು ಮೂಗು ಮುರಿದಿದ್ದರು. ಬಂದಮೇಲೆ ನಾಲ್ಕು ಜನ ಹೊಗಳಿದ್ದೇ ತಡ, ಕ್ಲಾಸಿಗೆ ಹೊತ್ತಾಯಿತು ಅಂತ ಅವಳನ್ನು ಹೊಲಿಗೆ ಮಿಷನ್ನಿನಿಂದ ಎಬ್ಬಿಸುವವರು ಅವರೇ ಆದರು.

ಡ್ಯಾನ್ಸ್ ಟೀಚರ್ ಮೊಣಕಾಲಿಗೆ ಸದಾ ಪಟ್ಟಿ ಕಟ್ಟಿಕೊಂಡಿರುವ, ಒಣಕಲು ದೇಹದ, ದೊಡ್ಡ ದನಿಯ ಹೆಂಗಸು. ನೆನಪಿರಲಿ ಅಂತ ಕುಣಿತದ ಒಂದೊಂದು ವರಸೆಗೂ ಮನೆಮಾತಿನ ಹೆಸರಿಟ್ಟಿದ್ದರು. ಒಂದು ಕೈ ಬಿಟ್ಟು ಇಬ್ಬರೂ ಒಂದೇ ಕಡೆಗೆ ತೆರೆದುಕೊಂಡರೆ ‘ಬಾಗಿಲು’. ಎದುರುಬದುರು ನಿಂತು ಒಬ್ಬರ ಹೆಜ್ಜೆಯನ್ನೇ ಇನ್ನೊಬ್ಬರು ಹಾಕಿದರೆ ‘ಕನ್ನಡಿ’. ಹೆಂಗಸನ್ನು ತಿರುಗಿಸಿ ತೋಳಿನೊಳಗೆ ತಂದುಕೊಂಡರೆ ‘ಬುಟ್ಟಿ’. ಕೈ ಬಿಡದೆ ಇಬ್ಬರೂ ಒಬ್ಬರ ಕೈ ಕೆಳಗೆ ಇನ್ನೊಬ್ಬರು ನುಸುಳಿ ಬಂದರೆ ‘ಜಡೆ’. “ನೆನಪಿಟ್ಕೊಳ್ಳೋದು ಒಂದು ಕೆಲಸ, ಅದಲುಬದಲು ಮಾಡೋದು ಇನ್ನೊಂದು ಕೆಲಸ. ನಡೆಸೋರಿಗೆ ಎರಡೂ ಬರಬೇಕು. ಮಗ್ಗಿ ಒಪ್ಪಿಸೋ ಹಾಗೆ ಒಪ್ಪಿಸಬೇಡಿ,” ಅಂತ ಗದರುತ್ತಿದ್ದರು.

ಉಳಿದ ಗಂಡಸರು ನಡುನೆಲದಲ್ಲಿ ಮುಂದೇನೆಂದು ತೋಚದೆ ಪೆಚ್ಚಾಗಿ ನಿಂತುಬಿಡುತ್ತಿದ್ದರು. ಮೇಷ್ಟ್ರು ಮಾತ್ರ ನಿಂತವರಲ್ಲ. “ಒಂದು ಸಲ ನೋಡಿದ್ರೆ ಮುಗೀತು, ಇಲ್ಲಿ ಕೂತ್ಕೊಳ್ಳುತ್ತೆ,” ಅಂತ ತಲೆ ತಟ್ಟಿಕೊಳ್ಳುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಡಿ ಹಿಡಿದುಕೊಂಡು, ಒಮ್ಮೆ ತನ್ನ ಹೆಜ್ಜೆ, ಒಮ್ಮೆ ಗಂಡಸಿನ ಹೆಜ್ಜೆ ಹಾಕುತ್ತಾ ಗುನುಗಿಕೊಳ್ಳುವುದನ್ನು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, “ಏನೇ, ಫ್ರಿಜ್ಜಿಗೂ ಕಲಿಸ್ತಿದೀಯಾ?” ಅಂತ ಬಿದ್ದು ಬಿದ್ದು ನಕ್ಕಿದ್ದರು.

ಈಗ ಟೀಚರ್ ಚಪ್ಪಾಳೆ ತಟ್ಟಿ, “ಸರಿ ಸರಿ, ಜೋಡಿ ಬದಲಾಯಿಸಿ!” ಅಂದರು. ಕನ್ನಡಕದ ಪ್ರಸಂಗವನ್ನು ಮುಚ್ಚಲೆಂದೇ ಅವರು ಹಾಗಂದದ್ದು. ಮೇಷ್ಟ್ರ ಪಾಲಿಗೆ ಬಂದವಳು ಔಷಧಿ ಅಂಗಡಿಯಾಕೆ.

“ಬನ್ನಿ ಮೇಷ್ಟ್ರೇ. ನಿಮ್ಮ ಜೊತೆ ಒಂದು ಹಾಡು ಕುಣೀಬೇಕು ಅಂತ ಎಷ್ಟು ದಿನದ ಆಸೆ. ನಮ್ಮನೇರಿಗೆ ಒಂದು ಬಾಗಿಲು ತೆಗೆಯೋಕೆ ಬರಲ್ಲ.”

“ಅದಕ್ಕೇನಂತೆ, ಬನ್ನಿ,” ಅಂತ ಮೇಷ್ಟ್ರು ಎದೆ ಸೆಟೆಸಿ ಹೊರಟರು. ಹಾಡು ಶುರುವಾಯಿತು. ಹಿಂದೆ, ಮುಂದೆ, ಬದಿಗೆ. ಆಹಾ, ಸರಾಗ. ಇನ್ನು ಕೈ ಎತ್ತಬೇಕು. ಯಾವ ಕೈ? ಬಾಗಿಲಿಗೆ ಎಡಗೈ ಬಿಡಬೇಕೋ, ಬಲಗೈಯೋ? ಮೇಷ್ಟ್ರು ಇನ್ನೊಂದು ಸುತ್ತು ಹಿಂದೆ, ಮುಂದೆ, ಬದಿಗೆ ಹೋದರು. ಈಗ ಬರುತ್ತದೆ, ಇಗೋ ಬಂತು ಅಂತ ಕಾದರು. ಬರಲಿಲ್ಲ. ಹೆಸರುಗಳೇನೋ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಬಾಗಿಲು, ಕನ್ನಡಿ, ಬುಟ್ಟಿ, ಜಡೆ. ಆದರೆ ಒಂದಕ್ಕೂ ಕೈಕಾಲು ಇರಲಿಲ್ಲ. ಏನೋ ಒಂದು ಆಗಲಿ ಅಂತ ಆಕೆಯನ್ನು ಒಮ್ಮೆ ತಿರುಗಿಸಿದರು. ಆಕೆ ತಿರುಗಿ ಬಂದು ಕಾದಳು. ಮತ್ತೊಮ್ಮೆ ತಿರುಗಿಸಿದರು. ಆಕೆ ಮತ್ತೆ ಬಂದು ಕಾದಳು.

“ಮುಂದೆ?” ಅಂದಳು ಆಕೆ, ಮೆಲ್ಲಗೆ.

ಮೇಷ್ಟ್ರು ಮೂರನೆಯ ಸಲ ತಿರುಗಿಸಿದರು.

“ಸಾಕು ಮೇಷ್ಟ್ರೇ, ತಲೆ ಸುತ್ತುತ್ತೆ. ಹೀಗೇ ಸುಮ್ಮನೆ ನಡೆಯೋಣ. ಮನಸ್ಸು ಸರಿಯಿಲ್ಲ ನಿಮಗೆ, ಪರವಾಗಿಲ್ಲ,” ಅಂದಳು. ಆ ‘ಪರವಾಗಿಲ್ಲ’ ಅವರಿಗೆ ಚುರುಕ್ ಅಂತ ತಾಗಿತು. ಕಲಿಯುವವರು ಗೇರು ಹಾಕಲಾಗದೆ ಒದ್ದಾಡುವಾಗ ತಾವು ಅನ್ನುವುದೂ ಅದೇ ದನಿಯಲ್ಲಿ.

ಮುಖ ಎಲ್ಲಿಡುವುದೆಂದು ತಿಳಿಯದೆ ಆಕೆಯ ತಲೆಯ ಮೇಲಿಂದ ಆಚೆ ನೋಡಿದರು. ಅಲ್ಲಿ ಅವರ ಹೆಂಡತಿ ಪೋಸ್ಟ್‌ಮನ್ ಜೊತೆ ಕುಣಿಯುತ್ತಿದ್ದಳು. ಆ ಪೋಸ್ಟ್‌ಮನ್ ಕ್ಲಾಸಿಗೆ ಹೊಸಬ, ಶುದ್ಧ ಮೊದ್ದು. ಎಡಬಲ ತಿಳಿಯಲೆಂದು ಎಡಗೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬರುತ್ತಿದ್ದ. ಅಂಥವನು ಬಾಗಿಲು ತೆರೆದ. ಬುಟ್ಟಿ ಹೆಣೆದ. ಬುಟ್ಟಿಯಿಂದ ನೇರ ಕನ್ನಡಿಗೆ ಹೋದ; ಅದು ಮೇಷ್ಟ್ರು ಯಾವತ್ತೂ ಮಾಡದ ಅದಲುಬದಲು. ತನ್ನಿಂದ ಇದೆಲ್ಲ ಆಗುತ್ತಿದೆಯೇ ಅಂತ ಅವನ ಬಾಯಿ ಅರ್ಧ ತೆರೆದುಕೊಂಡಿತ್ತು.

ಮೇಷ್ಟ್ರು ಹೆಂಡತಿಯ ಮುಖ ನೋಡಲಿಲ್ಲ. ಅವಳ ಎಡಗೈ ನೋಡಿದರು. ಅದು ಪೋಸ್ಟ್‌ಮನ್ನಿನ ಭುಜದ ಮೇಲಿತ್ತು. ಕಿರುಬೆರಳು ಒಂದಿಷ್ಟು ಒತ್ತಿತು. ಅವನು ಕೈ ಎತ್ತಿದ. ತೋರುಬೆರಳು ಒತ್ತಿತು, ಅವನು ಬದಿಗೆ ಸರಿದ. ಅಂಗೈ ಪೂರ್ತಿ ಕೂತಿತು, ಅವನು ನಿಂತ. ಓರೆ ಕನ್ನಡಕದ ಹಿಂದೆ ಅವಳ ಕಣ್ಣು ಮಾತ್ರ ಎಲ್ಲೋ ಕಿಟಕಿಯ ಪರದೆಯ ಕಡೆಗಿತ್ತು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ.

ಆ ನೋಟ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ದಿನವೂ ಬೆಳಗಿನಿಂದ ಸಂಜೆಯವರೆಗೆ ಅದು ಅವರದೇ ನೋಟ.

ತಮ್ಮ ಬಲಭುಜದ ಮೇಲೆ ಆ ಬೆರಳುಗಳ ಜಾಗ ಈಗ ಬರಿದಾಗಿ ಚಳಿ ಹಿಡಿದಂತಾಯಿತು. ಒಂದು ವರ್ಷ! ಒಂದು ವರ್ಷವಿಡೀ ತಲೆ ತಟ್ಟಿಕೊಂಡು ‘ಇಲ್ಲಿ ಕೂತ್ಕೊಳ್ಳುತ್ತೆ’ ಅಂದಿದ್ದರಲ್ಲ. ಇವತ್ತಿನದೂ ನಿಚ್ಚಳವಾಗಿ ಕಣ್ಣ ಮುಂದೆ ಬಂತು. ಟೀಚರ್ ಅದಲುಬದಲು ಮಾಡಿ ಅಂದಿದ್ದರು. ಮಾಮೂಲಿನಂತೆ ಬಾಗಿಲು ಆಗಿ ಕನ್ನಡಿ ಬರಬೇಕಾದಲ್ಲಿ ಅವಳ ಕಿರುಬೆರಳು ಒತ್ತಿತ್ತು, ಒಮ್ಮೆ ಅಲ್ಲ, ಎರಡು ಸಲ. ಇದೇನಿದು, ಇವಳು ತಪ್ಪುತ್ತಿದ್ದಾಳೆ ಅಂದುಕೊಂಡು ತಾವೇ ಅವಳನ್ನು ಎಳೆದಿದ್ದರು. ಎಳೆದು, ಮೊಣಕೈ ಬಡಿಸಿ, ಆಮೇಲೆ ಅವಳ ತಮ್ಮನ ಎದುರಿಗೇ ತಲೆ ಎಲ್ಲಿಟ್ಟಿದ್ದೀಯಾ ಅಂತ ಕೇಳಿದ್ದರು. ನಾಚಿಕೆ ಅನ್ನುವುದು ಕಿವಿಯಿಂದ ಶುರುವಾಗಿ ಕುತ್ತಿಗೆಗೆ ಇಳಿಯಿತು. ಈ ನೆಲ ಬಿರಿದು ಕೆಳಗಿನ ಟೈರುಗಳ ನಡುವೆ ಬಿದ್ದುಹೋದರೂ ಆದೀತು ಅನ್ನಿಸಿತು.

ಬಿರಿಯಲಿಲ್ಲ. “ಕೊನೇ ಹಾಡು ನಮ್ಮ ಮೇಷ್ಟ್ರ ಜೋಡಿದು! ಉಳಿದವರೆಲ್ಲ ಬದಿಗೆ ಬನ್ನಿ,” ಅಂತ ಟೀಚರ್ ಕೂಗಿದರು. ಅದು ಮೊದಲೇ ಗೊತ್ತಾಗಿದ್ದ ವಿಷಯ. ಭಾವಮೈದುನನನ್ನು ಕರೆಸಿದ್ದೇ ಅದಕ್ಕೆ.

ಹೆಂಡತಿ ಬಂದು ಎದುರು ನಿಂತಳು. ಎಡಗೈಯನ್ನು ಅವರ ಭುಜದ ಮೇಲಿಟ್ಟಳು. ಇಟ್ಟಳು ಅನ್ನುವುದಷ್ಟೇ, ಅದಕ್ಕೆ ತೂಕವೇ ಇರಲಿಲ್ಲ. ಹಾಡು ಶುರುವಾಯಿತು. ಹಿಂದೆ, ಮುಂದೆ, ಬದಿಗೆ. ಮೇಷ್ಟ್ರು ಕಾದರು. ಒಂದು ಬೆರಳೂ ಅಲುಗಲಿಲ್ಲ.

“ತಪ್ಪು ನಂದು ಕಣೇ,” ಅಂದರು, ಅವಳ ಕಿವಿಗೆ ಬಗ್ಗಿ. “ಈಗ ಗೊತ್ತಾಯ್ತು. ನೀನೇ ನನ್ನ ನಡೆಸ್ತಿದ್ದೆ.”

ಅವರು ಹೇಗೆ ನಡೆಸಿದರೆ ಹಾಗೆ ಬಂದಳು, ಗೋಡೆಯ ತನಕ ಬಂದಳು, ಅಲ್ಲಿಂದ ವಾಪಸ್ ಬಂದಳು.

“ಕೇಳಿಸ್ತಾ? ನಂದೇ ತಪ್ಪು ಅಂದೆ.”

“ಆಗ ಊರಿಗೆಲ್ಲ ಕೇಳೋ ಹಾಗೆ ಹೇಳಿದ್ರಿ,” ಅಂದಳು ಹೆಂಡತಿ. “ಈಗ ಕಿವೀಲಿ ಹೇಳ್ತಿದ್ದೀರಲ್ಲ.”

ಸಿಟ್ಟಿನ ದನಿಯಲ್ಲ ಅದು. ಪರದೆಯ ಅಳತೆ ಎರಡು ಬೆರಳು ಕಮ್ಮಿ ಬಂದಿದೆ ಅಂತ ಗಿರಾಕಿಗೆ ತಿಳಿಸುವ ದನಿ. ಮೇಷ್ಟ್ರು ತೆಪ್ಪಗೆ ಹೆಜ್ಜೆ ಹಾಕಿದರು. ಹಿಂದೆ, ಮುಂದೆ, ಬದಿಗೆ. ಬಾಗಿಲಿಲ್ಲ, ಬುಟ್ಟಿಯಿಲ್ಲ. ಕುರ್ಚಿಗಳ ಸಾಲಿನಲ್ಲಿ ಗುಸುಗುಸು ಎದ್ದಿತು. ಹೇಳಿಬಿಡಬೇಕು. ಹಾಡಿನ ನಡುವೆ ಕೂಗಿದರೆ ಕೇಳಿಸದು. ಕೇಳಿಸದಂತೆ ಹೇಳಿ ಪಾರಾಗುವ ಆಸೆಯೂ ಒಂದು ಕ್ಷಣ ಬಂದುಹೋಯಿತು, ಅದಕ್ಕೂ ನಾಚಿದರು. ಹಾಡು ನಿಲ್ಲುವ ತನಕ ಕಾದರು. ನಿಂತಿತು.

“ನನಗೆ ಒಂದು ಹೆಜ್ಜೇನೂ ನೆನಪಿಲ್ಲ,” ಅಂದರು ಮೇಷ್ಟ್ರು, ಎಲ್ಲರ ಕಡೆ ತಿರುಗಿ. “ಯಾವತ್ತೂ ನೆನಪಿರಲಿಲ್ಲ. ಇಷ್ಟು ದಿನ ನನ್ನ ಕುಣಿಸಿದ್ದು ಇವಳು. ಆಗ ತಪ್ಪಿದ್ದು ನಾನು. ಬೈದಿದ್ದು ಇವಳಿಗೆ.”

ಯಾರೋ ನಕ್ಕರು. ಯಾರೋ “ಭಲೇ ಮೇಷ್ಟ್ರೇ!” ಅಂದರು. ಚಪ್ಪಾಳೆ ಎದ್ದಿತು ನೋಡಿ, ಇಡೀ ಸಂಜೆ ಯಾರಿಗೂ ಬೀಳದಂಥ ಚಪ್ಪಾಳೆ. ಭಾವಮೈದುನನ ಹೆಂಡತಿ ಗಂಡನ ಪಕ್ಕೆಗೆ ತಿವಿದು, “ನೋಡಿ ಕಲೀರಿ, ಎಂಥಾ ದೊಡ್ಡ ಮನಸ್ಸು,” ಅಂದಳು. ಭಾವಮೈದುನ ಬಂದು ಕೈ ಕುಲುಕಿ, “ಭಾವ, ಅಕ್ಕನ್ನ ಮಾತಲ್ಲೇ ಅಟ್ಟಕ್ಕೇರಿಸಿಬಿಟ್ರಲ್ಲ,” ಅಂದ.

“ಅಲ್ಲಪ್ಪಾ, ನಿಜವಾಗ್ಲೂ…” ಅಂತ ಶುರುಮಾಡಿದರು ಮೇಷ್ಟ್ರು. ಅವರ ಮಾತು ನಗುವಿನಲ್ಲಿ ಮುಚ್ಚಿಹೋಯಿತು. ಈ ಹೊಗಳಿಕೆಯೂ ತಮ್ಮ ಖಾತೆಗೇ ಬಂತಲ್ಲ ಅಂತ ಅವರು ಹೆಂಡತಿಯ ಕಡೆ ತಿರುಗಿದರು. ಅವಳು ನಗುತ್ತಿರಲಿಲ್ಲ. ಬಾಗಿದ ಕಡ್ಡಿಯನ್ನು ನೆಟ್ಟಗೆ ಮಾಡಲು ನೋಡುತ್ತಿದ್ದಳು.

ಕೆಳಗೆ ಟೈರ್ ಅಂಗಡಿಯ ಮುಂದೆ ಕಾರು ನಿಂತಿತ್ತು. ಮೇಷ್ಟ್ರು ಓಡಿಸುವ ಸೀಟಿನಲ್ಲಿ ಕೂತರು. ಹೆಂಡತಿ ಅವರ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಚಪ್ಪಲಿ ಕಳಚಿ, ಕಾಲೆರಡನ್ನೂ ಮಡಚಿ ಸೀಟಿನ ಮೇಲೆ ಇಟ್ಟುಕೊಂಡಳು.

ಅಂಗಡಿಗಳ ದೀಪ ಒಂದೊಂದಾಗಿ ಹತ್ತುತ್ತಿದ್ದವು. ಮೇಷ್ಟ್ರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ನಿಧಾನವಾಗಿ ಹೊರಟರು. ಏನಾದರೂ ಮಾತಾಡಬೇಕಿತ್ತು.

“ಕಾಲು ಜೋಮು ಹಿಡಿಯುತ್ತೆ. ಇಳಿಸ್ಕೋ.”

“ಇರ್ಲಿ.”

“ನಾಳೆ ಕನ್ನಡಕ ಸರಿಮಾಡಿಸ್ಕೊಂಡು ಬರ್ತೀನಿ.”

“ನಾನೇ ಹೋಗ್ತೀನಿ.”

ಪೆಟ್ರೋಲ್ ಬಂಕಿನ ತಿರುವು ಬಂತು. ಇಷ್ಟು ವರ್ಷ ಕಣ್ಣು ಮುಚ್ಚಿ ದಾಟಿದ ತಿರುವು. ಮೇಷ್ಟ್ರು ತುಂಬ ಮೊದಲೇ ಇಂಡಿಕೇಟರ್ ಹಾಕಿದರು, ಗೇರು ಇಳಿಸಿದರು. ಕ್ಲಚ್ಚು ಬಿಡುವುದರಲ್ಲಿ ಎಡವಟ್ಟಾಗಿ ಕಾರು ಒಮ್ಮೆ ಜಗ್ಗಿತು. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದ.

“ನೀವೇ ಓಡಿಸ್ತಿದ್ದೀರಿ,” ಅಂದಳು ಹೆಂಡತಿ, ಕಿಟಕಿಯಾಚೆ ನೋಡುತ್ತಾ. “ಚೆನ್ನಾಗಿ ಓಡಿಸ್ತಿದ್ದೀರಿ.”

ಮೇಷ್ಟ್ರು ಕಣ್ಣು ತಗ್ಗಿಸಿದರು. ಪಕ್ಕದ ಸೀಟಿನ ಮುಂದೆ, ಆ ಬ್ರೇಕಿನ ಹತ್ತಿರ, ಅವಳ ಚಪ್ಪಲಿಗಳಷ್ಟೇ ಇದ್ದವು.