ಒಂಟಿ ಸೀನಿನ ಬ್ಯಾಂಡು

ಚಿಂತಾಮಣಿಯ ತರಕಾರಿ ಮಂಡಿಯ ಹಿಂದೆ ಇದ್ದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಲಕ್ಷ್ಮೀನರಸಮ್ಮ ಡ್ರಿಲ್ ಟೀಚರು. ಮೈದಾನದಲ್ಲಿ ನಿಂತು ಅವರು "ಹಿಂದೆ ತಿರುಗ್!" ಎಂದರೆ, ಗೋಡೆಯಾಚೆ ಟೊಮೇಟೊ ಕುಕ್ಕೆ ಇಳಿಸುತ್ತಿದ್ದ ಹಮಾಲಿಗಳೂ ಒಂದು ಸಲ ಹಿಂದೆ ತಿರುಗುತ್ತಿದ್ದರು. ಅಂಥ ದನಿ. ಆ ದನಿಯ ಹಿಂದೆ ಒಂದೇ ಒಂದು ಆಸೆ ಇತ್ತು. ಪ್ರತಿ ಜನವರಿ ಇಪ್ಪತ್ತಾರಕ್ಕೆ ಚಿಕ್ಕಬಳ್ಳಾಪುರದಲ್ಲಿ ನಡೆಯುವ ಸ್ಕೂಲ್ ಬ್ಯಾಂಡುಗಳ ಸ್ಪರ್ಧೆಯಲ್ಲಿ ತಮ್ಮ ಹುಡುಗಿಯರು ಮಾನ ಉಳಿಸಿಕೊಂಡು ಬರಬೇಕು. ಗೆಲ್ಲುವುದು ಆಮೇಲಿನ ಮಾತು.

ಮಾನ ಉಳಿಯುವಂಥ ಸಾಮಾನು ಅವರ ಬಳಿ ಇರಲಿಲ್ಲ. ಸೈಕಲ್ ಟ್ಯೂಬಿನ ತೇಪೆ ಹಾಕಿದ ಒಂದು ಡ್ರಮ್ಮು, ಊದಿದರೆ ಎಮ್ಮೆ ಕರುವನ್ನು ಕರೆದಂತೆ ಕೇಳುವ ಒಂದು ಬ್ಯೂಗಲ್ಲು, ಇವೆರಡರ ಜೊತೆಗೆ ಸ್ಕೂಲಿನ ಗಂಟೆ. ಗಂಟೆಯೆಂದರೆ ರೈಲುಕಂಬಿಯ ತುಂಡು. ಅದನ್ನು ಬಿದಿರಿಗೆ ಕಟ್ಟಿ ಇಬ್ಬರು ಹೊರುತ್ತಿದ್ದರು, ಮೂರನೆಯವಳು ಬಡಿಯುತ್ತಿದ್ದಳು. ೧೯೮೯ರ ಸ್ಪರ್ಧೆಯಲ್ಲಿ ಗೌರಿಬಿದನೂರಿನ ಹುಡುಗರು ಯಾವುದೋ ಮಿಲ್ಲಿನವರು ಹೊಲಿಸಿಕೊಟ್ಟ ಬಿಳಿ ಅಂಗಿ ಹಾಕಿಕೊಂಡು ಬಂದರು. ಶಿಡ್ಲಘಟ್ಟದವರು ರೇಷ್ಮೆ ಪೇಟ ಸುತ್ತಿಕೊಂಡು ಬಂದರು. ಚಿಂತಾಮಣಿಯವರು ಸರಿಯಾಗಿ ಸಲಾಮಿ ಕೊಡುವ ಜಾಗಕ್ಕೆ ಬಂದಾಗ ಹಗ್ಗ ಹರಿದು ಕಂಬಿ ಕೆಳಗೆ ಬಿತ್ತು. ಆ 'ಠಣ್' ಸದ್ದಿಗೆ ಊಟದ ಬೆಲ್ ಆಯಿತೆಂದು ಗೌರಿಬಿದನೂರಿನವರು ಸಾಲು ಬಿಟ್ಟು ಹೊರಟೇಬಿಟ್ಟರು. ಮೈದಾನಕ್ಕೆ ಮೈದಾನವೇ ನಕ್ಕಿತು.

ಅದೇ ವರ್ಷ ದಸರಾ ರಜೆ ಮುಗಿದ ಮೇಲೆ ಸ್ಕೂಲಿನ ಮುಂದೆ ಒಂದು ವ್ಯಾನು ಬಂದು ನಿಂತಿತು. ವ್ಯಾನಿನ ಮೇಲೆ ಮೂರು ಕೊಕ್ಕರೆಗಳ ಚಿತ್ರ. ಇಳಿದವನು ಸಾದಿಕ್ ಪಾಷಾ. ಮದರಾಸಿನ 'ಮೂರು ಕೊಕ್ಕರೆ ನಶ್ಯ' ಕಂಪನಿಗೆ ಈ ಸೀಮೆಯ ಪ್ರತಿನಿಧಿ. ಕಂಪನಿ ಎಷ್ಟು ದೊಡ್ಡದೆಂದರೆ ರೇಡಿಯೋದಲ್ಲಿ ಅದರ ಹಾಡು ಬರದ ದಿನವಿಲ್ಲ. "ಒಂದೇ ಚಿಟಿಕೆ, ತಲೆಯೆಲ್ಲ ಹಗುರ" ಎಂದು ಶುರುವಾಗಿ, ಕೊನೆಗೆ ಒಂದು ಭರ್ಜರಿ "ಆಕ್ಷೀ!"ಯಿಂದ ಮುಗಿಯುವ ಹಾಡು.

"ಮೇಡಂ, ಕಂಪನಿಯೋರು ಯುವಜನರಿಗೆ ಏನಾದ್ರೂ ಮಾಡಬೇಕು ಅಂತಾವ್ರೆ. ಫುಲ್ ಬ್ಯಾಂಡ್ ಸೆಟ್ ಕೊಡ್ತೀವಿ. ಡ್ರಮ್ಮು, ಬ್ಯೂಗಲ್ಲು, ಕೊಳಲು, ತಾಳ, ಯೂನಿಫಾರಂ, ಎಲ್ಲಾ," ಎಂದ ಸಾದಿಕ್ ಪಾಷಾ.

"ಅದಕ್ಕೆ ನಾವೇನು ಮಾಡ್ಬೇಕಪ್ಪಾ?" ಎಂದರು ಲಕ್ಷ್ಮೀನರಸಮ್ಮ.

"ಏನಿಲ್ಲ. ದೊಡ್ಡ ಡ್ರಮ್ಮಿನ ಮೇಲೆ ಒಂಚೂರು ಹೆಸರು."

ನಶ್ಯದ ಹೆಸರನ್ನು ಹೆಣ್ಣುಮಕ್ಕಳ ಡ್ರಮ್ಮಿನ ಮೇಲೆ ಬರೆಸುವುದು ಅವರಿಗೆ ಹಿಡಿಸಲಿಲ್ಲ. ಹೆಡ್‌ಮಿಸ್ ಅನಸೂಯಮ್ಮನವರ ಕೋಣೆಗೆ ಹೋಗಿ ಹಾಗೆಂದು ಹೇಳಿದರು. ಅನಸೂಯಮ್ಮ ಉತ್ತರ ಕೊಡುವ ಮೊದಲು ಗೋಡೆಯ ಮೇಲಿನ ಭಾರತದ ಭೂಪಟದ ಕಡೆ ತಿರುಗಿದರು. ಸೊಂಟದಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಎರಡು ಬೆರಳಲ್ಲಿ ಏನನ್ನೋ ಹಿಡಿದು ಮೂಗಿಗೇರಿಸಿ, ಸೆರಗಿನಿಂದ ಒರೆಸಿಕೊಂಡು ಈ ಕಡೆ ತಿರುಗಿದರು. ಹೆಡ್‌ಮಿಸ್ ದಿನಕ್ಕೆ ಹಲವು ಸಲ ಭೂಪಟ ನೋಡುತ್ತಾರೆಂಬುದು ಇಡೀ ಸ್ಕೂಲಿಗೆ ಗೊತ್ತಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಕಣಮ್ಮಾ," ಎಂದರು.

"ಇದು ಹಲ್ಲಿನ ವಿಷಯ ಅಲ್ಲ ಮೇಡಂ, ಮೂಗಿನ ವಿಷಯ."

"ಆ ಕಂಬಿ ತುಂಡು ಹೊತ್ಕೊಂಡು ಇನ್ನೊಂದು ಸಲ ಹೋಗ್ತೀರಾ?"

ಲಕ್ಷ್ಮೀನರಸಮ್ಮ ಒಪ್ಪಿಕೊಂಡರು. ಡ್ರಮ್ಮಿಗೆ ನಶ್ಯವೂ ಗೊತ್ತಿಲ್ಲ, ನೀತಿಯೂ ಗೊತ್ತಿಲ್ಲ, ಬಡಿದರೆ ಡಂ ಎನ್ನುತ್ತದೆ ಅಷ್ಟೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸಾಮಾನು ಬಂದ ದಿನ ಹುಡುಗಿಯರು ಕುಣಿದಾಡಿದರು. ದೊಡ್ಡ ಡ್ರಮ್ಮು ಗೌಹರ್ ಪಾಲಿಗೆ ಬಂತು. ಒಂಬತ್ತನೇ ಕ್ಲಾಸಿನ ಗೌಹರ್ ಡ್ರಮ್ಮಿಗಿಂತ ಸ್ವಲ್ಪವೇ ಎತ್ತರ. ಹೊತ್ತುಕೊಂಡರೆ ಮುಂದಿನಿಂದ ನೋಡುವವರಿಗೆ ಡ್ರಮ್ಮಿಗೇ ಎರಡು ಕಾಲು ಬಂದು ನಡೆದಂತೆ ಕಾಣುತ್ತಿತ್ತು. ಆದರೆ ಅವಳ ಏಟಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಲಕ್ಷ್ಮೀನರಸಮ್ಮನವರ ಕಣ್ಣು ಒದ್ದೆಯಾಯಿತು.

ಮುಂದಿನ ವಾರ ಸಾದಿಕ್ ಪಾಷಾ ಮತ್ತೆ ಬಂದ. ಯೂನಿಫಾರಂ ನಶ್ಯದ ಬಣ್ಣದ್ದೇ ಆಗಬೇಕಂತೆ. ಆಗಲಿ ಎಂದರು. ಅದರ ಮುಂದಿನ ವಾರ ಎದೆಯ ಮೇಲೆ ಕೊಕ್ಕರೆಗಳ ಕಸೂತಿ ಬೇಕೆಂದ. ಕೊಕ್ಕರೆಯೂ ದೇವರು ಸೃಷ್ಟಿಸಿದ ಹಕ್ಕಿಯೇ ಎಂದುಕೊಂಡರು. ಆಮೇಲೆ ಬ್ಯಾಂಡಿನ ಹೆಸರು 'ಮೂರು ಕೊಕ್ಕರೆ ಬಾಲಿಕಾ ವಾದ್ಯವೃಂದ' ಎಂದಾಯಿತು. ಕೊನೆಗೆ ಸಾದಿಕ್ ಪಾಷಾ ಕತ್ತು ತುರಿಸಿಕೊಳ್ಳುತ್ತಾ ಬಂದ.

"ಮೇಡಂ, ಬ್ಯಾಂಡಲ್ಲಿ ನಮ್ ರೇಡಿಯೋ ಹಾಡು ನುಡಿಸಬೇಕಂತೆ. ಕೊನೇಲಿ ಮಕ್ಕಳೆಲ್ಲಾ ಒಟ್ಟಿಗೆ..."

"ಒಟ್ಟಿಗೆ?"

"ಸೀನಬೇಕಂತೆ."

ಲಕ್ಷ್ಮೀನರಸಮ್ಮ ಅವನನ್ನೇ ನೋಡಿದರು. ಅವನು ತನ್ನ ಚಪ್ಪಲಿ ನೋಡಿಕೊಂಡ. ಅಷ್ಟರಲ್ಲಿ ಗೌಹರ್ ಡ್ರಮ್ಮಿನ ಹಿಂದಿನಿಂದ ಕೇಳಿದಳು, "ಮಿಸ್, ಡ್ರಮ್ ನಮ್ಗೇ ಕೊಟ್ಟಿದಾರೆ ಅಂದ್ರಿ. ಹಂಗಾದ್ರೆ ಮೂಗು ಯಾರ್ದು?"

ಲಕ್ಷ್ಮೀನರಸಮ್ಮ ಎಲ್ಲರನ್ನೂ ಮೈದಾನ ಎರಡು ಸುತ್ತು ಓಡಿಸಿದರು. ಮರುದಿನದಿಂದ ಸೀನಿನ ಅಭ್ಯಾಸ ಶುರುವಾಯಿತು. "ಎಡ, ಬಲ, ಎಡ, ಬಲ, ಮೂಗು ಮೇಲೆ, ಆಕ್ಷೀ!"

ಇದರಿಂದ ಮಂಡಿಗೆ ಸಿಡಿಲು ಬಡಿಯಿತು. ಯಾವುದಾದರೂ ಕೆಲಸಕ್ಕೆ ಕೈಹಾಕುವಾಗ ಒಂಟಿ ಸೀನು ಬಿದ್ದರೆ ಅಪಶಕುನವೆಂದು ಅಲ್ಲಿ ತಿಳಿಯದವರಿಲ್ಲ. ಬೆಳಿಗ್ಗೆ ಹರಾಜುಗಾರ ಬದನೆಕಾಯಿ ಕುಕ್ಕೆಯ ಮೇಲೆ ಕೈಯಿಟ್ಟು ಸವಾಲು ಶುರುಮಾಡುವುದಕ್ಕೂ ಗೋಡೆಯಾಚೆಯಿಂದ ನಲವತ್ತು ಮೂಗುಗಳು ಒಟ್ಟಿಗೆ "ಆಕ್ಷೀ!" ಎನ್ನುವುದಕ್ಕೂ ಸರಿಹೋಗುತ್ತಿತ್ತು. ಕೊಳ್ಳುವವರು ಕೈ ಹಿಂದಕ್ಕೆಳೆದುಕೊಂಡು ಒಂದು ಲೋಟ ನೀರು ಕುಡಿದು ಕೂರುತ್ತಿದ್ದರು. ಮತ್ತೆ ಏಳುವಷ್ಟರಲ್ಲಿ ಮತ್ತೊಂದು ಆಕ್ಷೀ. ಕೆಂಚಾರ್ಲಹಳ್ಳಿಯಿಂದ ಹೆಣ್ಣು ನೋಡಲು ಬಂದಿದ್ದವರೊಬ್ಬರು ಸ್ಕೂಲಿನ ಮುಂದೆ ಬಸ್ಸಿಳಿದು, ಸೀನು ಕೇಳಿ, ಅದೇ ಬಸ್ಸು ಹತ್ತಿ ವಾಪಸು ಹೋದರು. ಹುಡುಗಿಯ ಮನೆಯಲ್ಲಿ ಮಾಡಿದ ಕೇಸರಿಬಾತು ಕೇರಿಯವರಿಗೆಲ್ಲ ಹಂಚಿಹೋಯಿತು.

ಮಂಡಿಯ ಹಿರಿಯ ವರ್ತಕ ವೆಂಕಟರಾಯಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು.

"ಏಮಮ್ಮಾ ಟೀಚರಮ್ಮಾ, ಇದೇನು ಸ್ಕೂಲಾ, ನೆಗಡಿ ಆಸ್ಪತ್ರೆನಾ? ಹುರುಳಿಕಾಯಿ ಬಾಡಿ ಹೋಗ್ತಾ ಐತೆ!"

"ಕಂಪನಿಯೋರ ಷರತ್ತು ಸ್ವಾಮೀ. ನಾನೇನು ಮಾಡ್ಲಿ?"

ವೆಂಕಟರಾಯಪ್ಪ ಯೋಚಿಸಿದರು. "ಹೋಗ್ಲಿ, ಎರಡು ಸಲ ಸೀನ್ಸಿ. ಜೋಡಿ ಸೀನು ಶುಭ. ನಮ್ದೇನೂ ತಕರಾರಿಲ್ಲ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು, ಕಂಪನಿಗೆ ಬಿಟ್ಟು. ಮದರಾಸಿನಿಂದ ಫೋನಿನಲ್ಲಿ ಉತ್ತರ ಬಂತು: ನಮ್ಮ ನಶ್ಯಕ್ಕೆ ಒಂದೇ ಸೀನು ಬರುತ್ತದೆ, ಎರಡು ಬಂದರೆ ಜನ ಅದನ್ನು ನೆಗಡಿಯೆಂದು ತಿಳಿಯುತ್ತಾರೆ. ಸಾದಿಕ್ ಪಾಷಾ ಇದನ್ನು ಹೇಳುವಾಗ ಪಾಪ, ಅವನ ಮುಖವೇ ಸೀನು ಕಟ್ಟಿಕೊಂಡವನ ಹಾಗಿತ್ತು. ಕೊನೆಗೆ ಲಕ್ಷ್ಮೀನರಸಮ್ಮ ಅಭ್ಯಾಸವನ್ನು ಸಂಜೆಗೆ ಬದಲಾಯಿಸಿ, ಮಂಡಿಯವರ ಬೈಗುಳದಿಂದ ಪಾರಾದರು. ಆದರೆ ಮನಸ್ಸಿನ ಕಿರಿಕಿರಿ ಹೋಗಲಿಲ್ಲ. ಕೊಟ್ಟವರು ಕೇಳಿದ್ದಕ್ಕೆಲ್ಲ 'ಆಗಲಿ' ಎನ್ನುತ್ತಾ ಬಂದಿದ್ದರು. ಯಾವ 'ಆಗಲಿ'ಗೆ ನಿಲ್ಲಿಸಬೇಕಿತ್ತೆಂದು ಯೋಚಿಸಿದರೆ ತಿಳಿಯುತ್ತಿರಲಿಲ್ಲ.

ಜನವರಿ ಇಪ್ಪತ್ತಾರು ಬಂತು. ಚಿಕ್ಕಬಳ್ಳಾಪುರದ ಮೈದಾನದಲ್ಲಿ ಶಾಮಿಯಾನ, ಮೈಕು, ನೆರೆದ ಜನ. ನಂದಿಬೆಟ್ಟದ ಕಡೆಯಿಂದ ತಣ್ಣಗೆ ಗಾಳಿ. ಕಂದು ಕೋಟಿನ ಹುಡುಗಿಯರು ಹೊಳೆಯುವ ಬ್ಯೂಗಲ್ಲು ಹಿಡಿದು ನಿಂತದ್ದನ್ನು ಕಂಡು ಶಿಡ್ಲಘಟ್ಟದ ಹುಡುಗರು ಪೇಟ ಸರಿಮಾಡಿಕೊಂಡರು. ಲಕ್ಷ್ಮೀನರಸಮ್ಮನವರ ಎದೆ ಉಬ್ಬಿತು.

ಆಗ ಮದರಾಸಿನಿಂದಲೇ ಬಂದಿದ್ದ ಮ್ಯಾನೇಜರು ಕಾರಿನಿಂದ ಇಳಿದ. ಸೂಟು ಹಾಕಿದ್ದ. ಅವನ ಹಿಂದೆ ಸಾದಿಕ್ ಪಾಷಾ ಎರಡು ದೊಡ್ಡ ಬುಟ್ಟಿ ಹೊತ್ತುಕೊಂಡು ಬಂದ. ಬುಟ್ಟಿ ತುಂಬ ಕೋಟಿನ ಗುಂಡಿಯಷ್ಟು ಗಾತ್ರದ ನಶ್ಯದ ಡಬ್ಬಿಗಳು.

ಮ್ಯಾನೇಜರು ತಮಿಳಿನಲ್ಲಿ ಏನೋ ಹೇಳಿದ. ಸಾದಿಕ್ ಪಾಷಾ ಅದನ್ನು ಕನ್ನಡಕ್ಕೆ ತರುವಾಗ ದನಿ ಇಳಿಸಿದ. "ಮಾರ್ಚಿಂಗ್ ಮುಗಿದ ಮೇಲೆ ನಿಮ್ ಮಕ್ಕಳು ಇದನ್ನ ಬೇರೆ ಸ್ಕೂಲ್ ಮಕ್ಕಳಿಗೆ ಹಂಚಬೇಕಂತೆ ಮೇಡಂ. ಪುಕ್ಕಟೆ."

"ಮಕ್ಕಳಿಗಾ?"

"ಮನೇಲಿ ದೊಡ್ಡೋರಿಗೆ ಕೊಡ್ತಾರೆ ಅಂತ..."

ಲಕ್ಷ್ಮೀನರಸಮ್ಮ ಏನೋ ಹೇಳುವ ಮೊದಲೇ ಅನಸೂಯಮ್ಮ ಮುಂದೆ ಬಂದರು. ಬುಟ್ಟಿಯಿಂದ ಒಂದು ಡಬ್ಬಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಂಗೂ ಹಿಂಗೇ ಪುಕ್ಕಟೆ ಸಿಕ್ಕಿದ್ದು," ಎಂದರು. "ಈ ಗೌಹರ್ ವಯಸ್ಸು ನಂಗಾಗ. ನಮ್ಮತ್ತೆ ಹಲ್ಲುನೋವಿಗೆ ಅಂತ ಒಂದು ಚಿಟಿಕೆ ಕೊಟ್ರು. ಹಲ್ಲು ಉದುರಿ ಎಷ್ಟು ಕಾಲವಾಯ್ತೋ, ಇದು ಮಾತ್ರ ಹೋಗ್ಲಿಲ್ಲ." ಡಬ್ಬಿಯನ್ನು ಬುಟ್ಟಿಗೆ ಹಾಕಿದರು. "ಲಕ್ಷ್ಮೀನರಸಮ್ಮಾ, ಬೇಡ ಅನ್ನಿ. ನಾನು ಹಸು, ಹಲ್ಲು ಅಂತ ಏನೇನೋ ಅಂದಿದ್ದೆ. ಮರೆತುಬಿಡಿ."

ಲಕ್ಷ್ಮೀನರಸಮ್ಮ ಬೇಡ ಎಂದರು. ಎಷ್ಟು ಜೋರಾಗಿ ಎಂದರೆ, ಮೈದಾನದ ಆ ತುದಿಯಲ್ಲಿ ಐಸ್‌ಕ್ಯಾಂಡಿ ಕೊಡುತ್ತಿದ್ದವನು ಕೊಟ್ಟದ್ದನ್ನು ವಾಪಸು ತೆಗೆದುಕೊಂಡ. ಮ್ಯಾನೇಜರಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತು. ಹಾಗಾದರೆ ವಾದ್ಯವೆಲ್ಲ ಈಗಲೇ ವಾಪಸು, ಕೋಟು ಆಮೇಲೆ, ಎಂದ.

"ತಗೊಂಡ್ ಹೋಗಿ!" ಎಂದರು ಲಕ್ಷ್ಮೀನರಸಮ್ಮ.

ಹುಡುಗಿಯರು ಒಬ್ಬೊಬ್ಬರಾಗಿ ಬ್ಯೂಗಲ್ಲು, ಕೊಳಲು, ತಾಳ ತಂದು ವ್ಯಾನಿಗಿಟ್ಟರು. ಗೌಹರ್ ಡ್ರಮ್ಮಿಗೆ ಕೊನೆಯದೊಂದು ಏಟು ಕೊಟ್ಟು ಇಳಿಸಿದಳು. ಡ್ರಮ್ಮಿನ ಹಿಂದೆ ಅವಳೂ ಇದ್ದಾಳೆಂದು ಅವತ್ತೇ ಹಲವರಿಗೆ ತಿಳಿದದ್ದು. ಕೆಲವರು ಅತ್ತರು. ಸಾದಿಕ್ ಪಾಷಾ ಒಂದೊಂದನ್ನೂ ಒಳಗಿಡುವಾಗ "ಸಾರಿ ಮಗಾ, ಸಾರಿ ಮಗಾ" ಎನ್ನುತ್ತಿದ್ದ. ಅನಸೂಯಮ್ಮ ತಡೆಯಲಾರದೆ ಹತ್ತಿರದ ಬೇವಿನ ಮರದ ಕಡೆ ತಿರುಗಿ, ಸೊಂಟದ ಡಬ್ಬಿ ತೆಗೆದರು.

ಮೈಕಿನಲ್ಲಿ ಕೂಗಿದರು: "ಮುಂದಿನ ತಂಡ, ಚಿಂತಾಮಣಿ!"

"ಮಿಸ್, ಈಗೇನ್ ಮಾಡಣ?" ಎಂದಳು ಗೌಹರ್.

"ಕೋಟು ತಿರುಗಿಸಿ ಹಾಕ್ಕೊಳ್ರೇ. ಕೊಕ್ಕರೆ ಒಳಗೆ ಹೋಗ್ಲಿ. ಬಾಯಿದೆಯಲ್ಲ ಎಲ್ರಿಗೂ? ಬಾಯಲ್ಲೇ ಹೊಡೀರಿ."

ಬ್ಯಾಂಡು ಮೈದಾನಕ್ಕೆ ಇಳಿಯಿತು. ತಿರುಗುಮುರುಗಾದ ಕೋಟುಗಳ ಹಳದಿ ಒಳಮೈ ಹೊರಗೆ. ಜೇಬುಗಳು ಮೇಕೆ ಕಿವಿಯಂತೆ ಎರಡೂ ಕಡೆ ಜೋತಾಡುತ್ತಿದ್ದವು. ಮುಂದೆ ಗೌಹರ್ ಇಲ್ಲದ ಡ್ರಮ್ಮನ್ನು ಬಡಿಯುತ್ತಾ "ಡಂ! ಡಂ! ಡಡಡಂ!" ಎನ್ನುತ್ತಿದ್ದಳು. ಅವಳ ಹಿಂದೆ ಒಂದು ಸಾಲು "ಪೆಪ್ಪೆಪ್ಪೇ", ಇನ್ನೊಂದು ಸಾಲು "ತುರುರುತ್ತೂ", ಕೊನೆಯ ಸಾಲು "ಝಣ್ ಝಣ್". ಹೆಜ್ಜೆ ಮಾತ್ರ ಒಂದೇ ಹೆಜ್ಜೆ. ಜನ ನಕ್ಕರು, ಆಮೇಲೆ ಚಪ್ಪಾಳೆಯಲ್ಲಿ ತಾಳ ಹಾಕಿದರು, ಆಮೇಲೆ ಅವರೂ "ಡಡಡಂ" ಎಂದರು. ಮುಂದಿನ ಸರದಿಗೆ ಕಾಯುತ್ತಿದ್ದ ಚಿಕ್ಕಬಳ್ಳಾಪುರದ ಹುಡುಗರು ನಕ್ಕೂ ನಕ್ಕೂ, ತಮ್ಮ ಸರದಿ ಬಂದಾಗ ಊದಲು ಉಸಿರಿಲ್ಲದೆ ನಿಂತರು.

ಬಾಯಿಯನ್ನು ವಾದ್ಯವೆಂದು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂದು ತೀರ್ಪುಗಾರರು ಬಹಳ ಹೊತ್ತು ಜಗಳವಾಡಿದರು. ಕೊನೆಗೆ ಶಿಡ್ಲಘಟ್ಟ ಮೊದಲು, ಗೌರಿಬಿದನೂರು ಎರಡನೆಯದು, ಚಿಂತಾಮಣಿ ಮೂರನೆಯದು. ಚಿಕ್ಕಬಳ್ಳಾಪುರದ ಹುಡುಗರು ನಾಲ್ಕನೆಯವರು. ಮಾನ ಉಳಿಯಿತೋ ಹೋಯಿತೋ ಲಕ್ಷ್ಮೀನರಸಮ್ಮನವರಿಗೆ ಗೊತ್ತಾಗಲಿಲ್ಲ. ನಗುತ್ತಿದ್ದುದರಿಂದ ಯೋಚಿಸಲು ಆಗಲಿಲ್ಲ.

ಗೇಟಿನ ಹತ್ತಿರ, ಬಸ್ಸಿಗೆ ಕಾಯುತ್ತಿದ್ದಾಗ, ಸಫಾರಿ ಸೂಟಿನ ಒಬ್ಬ ಮನುಷ್ಯ ಕೈಮುಗಿದುಕೊಂಡು ಬಂದ. ಗಂಟಲಿನ ಮಾತ್ರೆ ಮಾಡುವ ಬೆಂಗಳೂರಿನ ದೊಡ್ಡ ಕಂಪನಿಯವನಂತೆ. ಬರೀ ಬಾಯಲ್ಲಿ ಬ್ಯಾಂಡು ಬಾರಿಸಿದ ಮಕ್ಕಳನ್ನು ಕಂಡು ಅವನಿಗೆ ಬಹಳ ಸಂತೋಷವಾಗಿತ್ತು.

"ಇಡೀ ಸೆಟ್ಟು ನಾವು ಕೊಡಿಸ್ತೀವಿ ಮೇಡಂ. ಎರಡು ಜೊತೆ ಯೂನಿಫಾರಂ ಕೂಡ."

ಲಕ್ಷ್ಮೀನರಸಮ್ಮ ಅನಸೂಯಮ್ಮನವರ ಮುಖ ನೋಡಿದರು. ಅನಸೂಯಮ್ಮ ಹುಡುಗಿಯರ ಮುಖ ನೋಡಿದರು.

"ನನ್ನ ಕೇಳಬೇಡಿ. ಇವರನ್ನೇ ಕೇಳಿ," ಎಂದರು ಲಕ್ಷ್ಮೀನರಸಮ್ಮ.

ಗೌಹರ್ ಮುಂದೆ ಬಂದಳು. ಕೂಗಿ ಕೂಗಿ ಅವಳ ದನಿ ಕಟ್ಟಿಹೋಗಿತ್ತು.

"ಕೆಮ್ಮಬೇಕಾ ಅಂಕಲ್?"

ಆ ಮನುಷ್ಯ ಆ ಕಡೆ ಈ ಕಡೆ ನೋಡಿದ.

"ಒಂದೇ ಒಂದ್ಸಲ," ಎಂದ.

ಚಿಂತಾಮಣಿ ಬಸ್ಸು ಬಂತು. ಹುಡುಗಿಯರು "ಪೆಪ್ಪೆಪ್ಪೇ" ಎನ್ನುತ್ತಾ ಹತ್ತಿದರು.