ಗ್ರೌಂಡ್‌ಗೆ ಕೊಡಿ

ಮೂರು ದಿನದ ತರಬೇತಿಗೆಂದು ಅನಂತಪುರಕ್ಕೆ ಹೋದ ಗೋವರ್ಧನ್ ಮೇಷ್ಟ್ರು ಒಂದು ಫೈಲು, ಒಂದು ಪೆನ್ನು ಮತ್ತು ಒಂದು ತಲೆಕೆಳಗಾದ ತರಗತಿಯನ್ನು ಹೊತ್ತುಕೊಂಡು ಬಂದರು. ಪೆನ್ನು ಬಸ್ಸಿನಲ್ಲೇ ಕಳೆದುಹೋಯಿತು. ತರಗತಿ ಮಾತ್ರ ಬೆನ್ನು ಬಿಡಲಿಲ್ಲ.

ಪಾಠವನ್ನು ವಿಡಿಯೋ ಮಾಡಿ ಕಳಿಸುವುದು, ಮಕ್ಕಳು ಅದನ್ನು ಮನೆಯಲ್ಲೇ ನೋಡಿಕೊಂಡು ಬರುವುದು, ತರಗತಿಯಲ್ಲಿ ಕೈಯಾರೆ ಮಾಡಿ ಕಲಿಯುವುದು. ವಿಷಯ ಇಷ್ಟೇ. ರಾಯದುರ್ಗದಲ್ಲಿ ಅವರು ಕೆಲಸ ಮಾಡುತ್ತಿದ್ದ ಖಾಸಗಿ ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲರಾದ ಶಿವರಾಮ ಇದಿಷ್ಟನ್ನೂ ಕಣ್ಣು ಮುಚ್ಚಿಕೊಂಡು ಕೇಳಿದರು.

"ಅಂದ್ರ ಮನ್ಯಾಗ ಪಾಠ, ಕ್ಲಾಸಿನ್ಯಾಗ ಹೋಂವರ್ಕು. ಮತ್ತ ನಿಮ್ಮ ಕೆಲಸ ಏನ್ರಿ?"

ಗೋವರ್ಧನ್ ಮಡಕಶಿರಾ ಸೀಮೆಯವರು, ಅಮರಾಪುರದ ಹತ್ತಿರದ ಹಳ್ಳಿ. ಮೂರು ವರ್ಷದಿಂದ ಇಲ್ಲಿ ಎಲೆಕ್ಟ್ರಾನಿಕ್ಸಿನ ಮೊದಲ ಪಾಠಗಳನ್ನು ಹೇಳುತ್ತಿದ್ದರು. ದಿನವೂ "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದರು, ದಿನವೂ "ಆತ್ರಿ ಸಾರ್" ಎಂದು ಉತ್ತರ ಬರುತ್ತಿತ್ತು. ಪರೀಕ್ಷೆಯ ಪೇಪರು ನೋಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದೇ ಒಂದು ಮಗುವಾದರೂ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದಿಲ್ಲ.

ಮೊದಲ ವಿಡಿಯೋ ಕಳಿಸಿದ ನಾಲ್ಕನೆಯ ದಿನ ಪ್ರಿನ್ಸಿಪಾಲರು ಫೋನು ತಿರುಗಿಸಿ ತೋರಿಸಿದರು. ಮೂವತ್ತೊಂದು ಮಕ್ಕಳು. ವಿಡಿಯೋ ನೋಡಿದ್ದು ಹನ್ನೊಂದು ಸಲ.

"ಅದ್ರಾಗ ನೀವ ಎಷ್ಟು ಸಲ ನೋಡೀರಿ?"

"ನಾಕು ಸಲ ಸಾರ್," ಎಂದರು ಗೋವರ್ಧನ್. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಶುಕ್ರವಾರ ಬೋರ್ಡಿನಿಂದ ವಿಜಯಲಕ್ಷ್ಮಿ ಮೇಡಂ ತಪಾಸಣೆಗೆ ಬರ್ತಾರ. ಮಕ್ಕಳು ಮನ್ಯಾಗ ನೋಡ್ಯಾರ ಅಂತ ಅವರ ಮುಂದ ತೋರಸ್ರಿ. ಇಲ್ಲಂದ್ರ ಮುಂದಿನ ವರ್ಷ ನಾವು ಬ್ಯಾರೇರನ್ನ ನೋಡ್ಕೊಂತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರ ಮಾಡಿಕೊಳ್ಳದೆ ಏನು ಮಾಡುತ್ತಾರೆ! ಊರಲ್ಲಿ ಅಪ್ಪನ ಕುರಿಗಳಿದ್ದವು. ಕುರಿಗಳ ಮೇಲೆ ಗೋವರ್ಧನರಿಗೆ ದ್ವೇಷವೇನಿಲ್ಲ. ಆದರೆ ಪಾಠ ಹೇಳುವುದು ಬಿಟ್ಟು ಬೇರೆ ಏನೂ ಅವರಿಗೆ ಬೇಕಿರಲಿಲ್ಲ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಪ್ರತಿ ಮಗುವಿಗೂ ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಒಂದು ರೆಸಿಸ್ಟರು, ಒಂದು ಪುಟ್ಟ ಎಲ್‌ಇಡಿ ದೀಪ, ನಾಲ್ಕು ವೈರು ಹಂಚಿದರು. "ವಿಡಿಯೋದಲ್ಲಿ ಹೇಳಿದಂಗೆ ದೀಪ ಹತ್ಸಿ. ನಾನು ಮಾತಾಡಲ್ಲ," ಎಂದು ಕುರ್ಚಿಯಲ್ಲಿ ಕೂತರು. ಮಾತಾಡಬಾರದೆಂದು ತರಬೇತಿಯಲ್ಲಿ ಹೇಳಿದ್ದರು.

ಐದು ನಿಮಿಷಕ್ಕೆ ನಾಗವೇಣಿ ಎದ್ದಳು. ಡಿ. ಹಿರೇಹಾಳಿನಿಂದ ಬಸ್ಸಿಗೆ ಬರುವ ಹುಡುಗಿ. "ಸಾರ್, ಹೊರಗ ಹೋಗಬೇಕ್ರಿ."

"ಹೋಗಮ್ಮ."

ಮತ್ತೊಬ್ಬಳು ಎದ್ದಳು. ಆಮೇಲೆ ನಾಲ್ವರು. ಆಮೇಲೆ ಬೆಂಚಿಗೆ ಬೆಂಚೇ ಎದ್ದು ಹೋಯಿತು. ಬ್ಯಾಗು, ನೀರಿನ ಬಾಟಲಿ ಸಮೇತ ಹೋದರು. ಗೋವರ್ಧನ್ ಮಾತಾಡಲಿಲ್ಲ. ಪ್ರಿನ್ಸಿಪಾಲರು ಮೇಡಮ್ಮನ್ನು ಕರೆದುಕೊಂಡು ಬಾಗಿಲಿಗೆ ಬಂದಾಗ ಕೋಣೆಯಲ್ಲಿ ಮೇಷ್ಟ್ರೊಬ್ಬರೇ ಕೂತಿದ್ದರು.

"ಇದು ತಲೆಕೆಳಗಾದ ತರಗತಿ ಮೇಡಂ," ಎಂದರು ಶಿವರಾಮ.

"ಮಕ್ಕಳೆಲ್ಲಿ?" ಎಂದರು ಮೇಡಂ.

ಗೋವರ್ಧನ್ ಕುರ್ಚಿಯಿಂದ ಎದ್ದರು. ಕಿಟಕಿಯಲ್ಲಿ ಇಣುಕಿದರೆ ಮೂವತ್ತೊಂದು ಮಂದಿಯೂ ಆಟದ ಮೈದಾನದಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಮೊಳೆ ಹೊಡೆಯುತ್ತಿದ್ದರು. ಮೂವರೂ ಇಳಿದು ಹೋದರು.

ಒಬ್ಬೊಬ್ಬರಿಗೆ ಎರಡೆರಡು ಮೊಳೆ. ಒಂದಕ್ಕೆ ಬ್ಯಾಟರಿಯ ಮೈನಸ್ಸು, ಇನ್ನೊಂದಕ್ಕೆ ದೀಪದ ಗಿಡ್ಡ ಕಾಲು. ಸುತ್ತ ನೀರು ಹುಯ್ದು ಕೆಸರಾಗಿತ್ತು.

"ಏನಮ್ಮಾ ಇದು?" ಎಂದರು ಗೋವರ್ಧನ್. "ಪಾಠ ಅರ್ಥ ಆಯ್ತು ತಾನೆ?"

"ಅರ್ತ್ ಆಗೈತ್ರಿ ಸಾರ್," ಎಂದಳು ನಾಗವೇಣಿ. "ನೀರೂ ಹಾಕೀವಿ."

ಹೊಲದಲ್ಲಿ ಬೋರಿನ ಮೋಟರು ಇರುವ ಯಾರ ಮನೆಯ ಮಗುವಾದರೂ ಹೀಗೇ ಹೇಳೀತು. ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ವೈರು ಹೂತ ಗುಂಡಿ ಒಣಗಿದರೆ ಆ ಕಡೆ ಎಲ್ಲರೂ ಮೊದಲು ಮಾಡುವ ಕೆಲಸ ಬಿಂದಿಗೆ ಎತ್ತಿ ನೀರು ಹುಯ್ಯುವುದು.

"ಗ್ರೌಂಡಿಗೆ ಬರೋಕೆ ಯಾರು ಹೇಳಿದ್ರು ನಿಮಗೆ?" ಎಂದರು ಮೇಡಂ.

"ಸಾರೇ ಹೇಳ್ಯಾರ್ರಿ!" ಮೂವತ್ತೊಂದು ಬಾಯಿ ಒಂದೇ ಸಲ ತೆರೆದವು. "ಎಂಟನೇ ನಿಮಿಷದಾಗ! ಎರಡೂ ಗ್ರೌಂಡ್‌ಗೆ ಕೊಡಿ ಅಂದಾರ್ರಿ!"

ಹೌದು, ಹೇಳಿದ್ದರು. ಸರ್ಕ್ಯೂಟಿನಲ್ಲಿ ಮೈನಸ್ಸೆಲ್ಲ ಬಂದು ಸೇರುವ ತಂತಿಗೆ ಗ್ರೌಂಡ್ ಎಂದು ಹೆಸರು, ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅವರಿಗೆ ಅದು ಹೊಳೆದೇ ಇರಲಿಲ್ಲ. ಕುರಿಗಳು ಕಣ್ಣ ಮುಂದೆ ಬಂದವು.

"ಮೊಳೆ ಎಲ್ಲಿಂದ ಬಂತು?" ಮೇಡಂ ಬಿಡಲಿಲ್ಲ.

"ಮನಿಯಿಂದ್ರಿ. ವಿಡಿಯೋ ನೋಡಿದ ಮ್ಯಾಲ ತಂದ್ವಿ."

"ನೋಡಿದ್ದು ಹನ್ನೊಂದೇ ಸಲ ಐತಲ್ಲ!" ಎಂದರು ಶಿವರಾಮ.

"ಬಸ್ಸಿನ್ಯಾಗ ಒಂದು ಫೋನಿಗೆ ಹತ್ತು ಮಂದಿ ಬೀಳ್ತೀವ್ರಿ ಸಾರ್. ಡ್ರೈವರಣ್ಣನೂ ಕೇಳ್ತಾನ್ರಿ."

ಯಾರ ದೀಪವೂ ಹತ್ತಿರಲಿಲ್ಲ. ನಾಗವೇಣಿ ಮಾತ್ರ ತನ್ನ ಮೊಳೆಗಳನ್ನು ಕಿತ್ತು ಬೆರಳಷ್ಟು ಅಂತರದಲ್ಲಿ ನೆಟ್ಟಳು. ಬ್ಯಾಗಿನಿಂದ ಪೊಟ್ಟಣ ತೆಗೆದು, ಹೊಲದ ಅರ್ತ್ ಗುಂಡಿಗೆ ಹಾಕುವ ಹಾಗೆ ಒಂದು ಹಿಡಿ ಉಪ್ಪು ಸುರಿದು, ಬಾಟಲಿಯ ನೀರನ್ನೆಲ್ಲ ಹುಯ್ದಳು. ವೇಲಿನ ನೆರಳು ಮಾಡಿ ಬಗ್ಗಿ ನೋಡಿದಳು. ಮೇಡಂ ಕೂಡ ಬಗ್ಗಿದರು. ಒಳಗೆ ಕೆಂಪು ದೀಪ ಮಂದವಾಗಿ ಹತ್ತಿತ್ತು.

ಗೋವರ್ಧನ್ ಮಕ್ಕಳ ಕಡೆ ತಿರುಗಿದರು. "ತಪ್ಪು ನಂದೇ ಕಣ್ರಮ್ಮ. ಗ್ರೌಂಡ್ ಅಂದ್ರೆ ನೆಲ ಅಲ್ಲ. ಎರಡು ವೈರನ್ನೂ ಒಂದಕ್ಕೊಂದು ಸೇರಿಸಿದ್ರೆ ಸಾಕಿತ್ತು."

ನಾಗವೇಣಿ ತಲೆ ಎತ್ತಿದಳು. "ಹಂಗಾದ್ರ ಇದು ಯಾಕ ಹತ್ತೈತ್ರಿ ಸಾರ್?"

"ಉಪ್ಪು ಹಾಕಿದ್ದಕ್ಕೇನ್ರಿ?" ಎಂದ ಹಿಂದಿನಿಂದೊಬ್ಬ.

"ಮೊಳಿ ದೂರ ಇದ್ರ ಯಾಕ ಹತ್ತಂಗಿಲ್ರಿ?"

ಮೂರು ವರ್ಷದಲ್ಲಿ ಬಾರದ ಪ್ರಶ್ನೆಗಳು ಒಂದರ ಮೇಲೊಂದು ಬಂದು ಬಿದ್ದವು. ಗೋವರ್ಧನರಿಗೆ ಅಳು ಬಂತು. ಧೂಳು ಎಂದು ಕಣ್ಣೊರೆಸಿಕೊಂಡರು. ಅಷ್ಟು ಕೆಸರಿನಲ್ಲಿ ಧೂಳೆಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಮೇಡಂ ಅದೇ ಸೀಮೆಯ ಭೈರವಾನಿತಿಪ್ಪದ ರೈತರ ಮಗಳು, ಅರ್ತ್ ಗುಂಡಿಗೆ ನೀರು ಹೊತ್ತವರೇ. ಫಾರಂ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬರೆದರು. ಕೊಠಡಿಯಲ್ಲಿ ಹಾಜರಿ: ಸೊನ್ನೆ. ವಿಡಿಯೋ ನೋಡಿದವರು: ಮೂವತ್ತೊಂದು. ಬರೆದು ಪ್ರಿನ್ಸಿಪಾಲರ ಕೈಗೆ ಕೊಟ್ಟರು.

"ತಪ್ಪು ಪಾಠಾನ ಒಬ್ಬರೂ ತಪ್ಪದಂಗ ಕಲ್ತಾರ್ರಿ ಶಿವರಾಮ. ಸರಿ ಪಾಠ ಬಿಡ್ತಾರೇನು? ಮುಂದಿನ ವರ್ಷಾನೂ ಇವರನ್ನೇ ಇಟ್ಕೊಳ್ರಿ."

ಶಿವರಾಮ ಫಾರಂ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ನಾಗವೇಣಿಯ ಮುಂದೆ ಹಿಡಿದರು. "ಇದನ್ನೂ ಹಾಕವ್ವ, ಇನ್ನೂ ಬೆಳಗತೈತೇನು ನೋಡೂಣು."